ಬಲ್ಮಠದ ಕಲ್ಲಚ್ಚು

ಬಳ್ಳಾರಿಗೆ ಸಮೀಪದ ಕುರುಗೋಡು ಪ್ರಾಚೀನ ದೇವಾಲಯಗಳಿಗೂ ಶಾಸನಗಳಿಗೂ ಹೆಸರಾದ ಊರು. ಅಲ್ಲಿ ಕಲ್ಲಿನ ಮೇಲೆ ಕೊರೆದ ಕನ್ನಡ ಅಕ್ಷರಗಳು ಶತಮಾನಗಳು ಕಳೆದರೂ ಉಳಿದಿವೆ. ಆದರೆ ಶಾಸನವನ್ನು ಓದಬೇಕಾದವನು ಅದು ನಿಂತಲ್ಲಿಗೇ ಹೋಗಬೇಕು. ಕಲ್ಲಿನ ಮೇಲೆ ಬರೆದುದನ್ನು ಕಾಗದಕ್ಕೆ ಇಳಿಸಿ ಓದುಗನಿದ್ದಲ್ಲಿಗೆ ಕಳುಹಿಸುವ ಕಲೆಯನ್ನು ಬಳಸಿ, ಕನ್ನಡದ ಮೊದಲ ವೃತ್ತಪತ್ರಿಕೆಯನ್ನು ಹೊರತಂದವರು ದೂರದ ಜರ್ಮನಿಯಿಂದ ಬಂದು ನಮ್ಮ ನಾಡಿನಲ್ಲಿ ನೆಲೆಸಿದ ಹರ್ಮನ್ ಮೋಗ್ಲಿಂಗ್.

ಮೋಗ್ಲಿಂಗರು 1811ನೆಯ ಮೇ 29ರಂದು ಜರ್ಮನಿಯ ವುರ್ಟೆಂಬರ್ಗ್ ಪ್ರಾಂತದ ಬ್ರಾಕೆನ್‌ಹೈಮ್ ಎಂಬಲ್ಲಿ ಜನಿಸಿದರು. ಟ್ಯೂಬಿಂಗೆನ್ ವಿಶ್ವವಿದ್ಯಾನಿಲಯದಲ್ಲಿ ಧರ್ಮಶಾಸ್ತ್ರವನ್ನು ವ್ಯಾಸಂಗ ಮಾಡಿ, ಸ್ವಿಟ್ಸರ್ಲೆಂಡಿನ ಬಾಸೆಲ್ ಮಿಷನ್ ಸಂಸ್ಥೆಯನ್ನು ಸೇರಿದರು. 1836ರಲ್ಲಿ ಆ ಸಂಸ್ಥೆಯ ಪರವಾಗಿ ಭಾರತಕ್ಕೆ ಹೊರಟರು. ಸೂಯೆಜ್ ಕಾಲುವೆಯನ್ನು ಆಗಿನ್ನೂ ತೋಡಿರಲಿಲ್ಲ; ಸಮುದ್ರಯಾನಕ್ಕೆ ತಿಂಗಳುಗಳೇ ಹಿಡಿಯುತ್ತಿದ್ದವು. ಆ ವರ್ಷದ ಕೊನೆಗೆ ಅವರು ಮಂಗಳೂರನ್ನು ತಲಪಿದಾಗ ಅವರಿಗೆ ಇಪ್ಪತ್ತೈದು ವರ್ಷ.

ಬಂದ ನಾಡು ಎಲ್ಲ ರೀತಿಯಲ್ಲಿಯೂ ಹೊಸದು. ತಿಂಗಳುಗಟ್ಟಲೆ ಎಡೆಬಿಡದೆ ಸುರಿಯುವ ಮಳೆ, ಮೈ ಬೆವರಿಸುವ ಸೆಕೆ, ಪರಿಚಯವಿಲ್ಲದ ಊಟ ಉಡುಪು. ಬೀದಿಯಲ್ಲಿ ತುಳು, ಅಂಗಡಿಯಲ್ಲಿ ಕೊಂಕಣಿ, ಗ್ರಂಥಗಳಲ್ಲಿ ಕನ್ನಡ. ಧರ್ಮಪ್ರಚಾರವೇ ಮೋಗ್ಲಿಂಗರು ಬಂದ ಉದ್ದೇಶವಾಗಿದ್ದಿತು. ಅದನ್ನು ಅವರು ಮರೆಮಾಚಲಿಲ್ಲ. ಆದರೆ ಕಲಿಸಲು ಬಂದವನು ಮೊದಲು ಕಲಿಯಬೇಕೆಂಬುದನ್ನು ಅವರು ಬೇಗನೆ ಅರಿತರು. ಕನ್ನಡದ ವಿದ್ಯಾರ್ಥಿಯಾದರು. ಹುಡುಗರಿಗಾಗಿ ವಸತಿ ಶಾಲೆಯನ್ನು ತೆರೆದು, ಅವರ ನಡುವೆಯೇ ಬಾಳಿದರು.

ಮಂಗಳೂರಿನ ಬಲ್ಮಠ ಅವರ ಕಾರ್ಯಕ್ಷೇತ್ರವಾಯಿತು. ಶಾಲೆಗೆ ಪುಸ್ತಕಗಳು ಬೇಕಾಗಿದ್ದವು. ಓಲೆಗರಿಯಲ್ಲಿ ಒಂದೊಂದಾಗಿ ನಕಲು ಮಾಡಿದರೆ ಅವು ಎಷ್ಟು ಜನರ ಕೈ ಸೇರಿಯಾವು? 1841ರಲ್ಲಿ ಮೋಗ್ಲಿಂಗರ ಬಂಧುವೂ ಸಹೋದ್ಯೋಗಿಯೂ ಆದ ವೈಗ್ಲೆಯವರು ಮುಂಬಯಿಯಿಂದ ಕಲ್ಲಚ್ಚಿನ ಯಂತ್ರವನ್ನು ತಂದರು. ಅದರೊಡನೆ ಕೆಲಸ ಬಲ್ಲ ಮರಾಠಿ ಮುದ್ರಕರೂ ಬಂದರು. ಹೀಗೆ ಬಲ್ಮಠದಲ್ಲಿ ಒಂದು ಹೊಸ ಕಸುಬು ಬೇರೂರಿತು.

ಕಲ್ಲಚ್ಚು ಹದಿನೆಂಟನೆಯ ಶತಮಾನದ ಕೊನೆಯಲ್ಲಿ ಜರ್ಮನಿಯ ಸೆನೆಫೆಲ್ಡರ್ ಕಂಡುಹಿಡಿದ ವಿಧಾನ. ನುಣುಪಾದ ಸುಣ್ಣಕಲ್ಲಿನ ಮೇಲೆ ಜಿಡ್ಡಿನ ಮಸಿಯಿಂದ ಬರೆಹವನ್ನು ಮೂಡಿಸಿ, ಕಲ್ಲನ್ನು ನೀರಿನಿಂದ ಒದ್ದೆ ಮಾಡುವರು. ಬರೆಹವಿಲ್ಲದ ಭಾಗ ನೀರನ್ನು ಹಿಡಿದುಕೊಳ್ಳುವುದು. ಜಿಡ್ಡಿನ ಅಕ್ಷರಗಳು ನೀರನ್ನು ದೂರವಿಡುವುವು. ಬಳಿಕ ಮಸಿಯನ್ನು ಸವರಿದರೆ ಅದು ಅಕ್ಷರಗಳಿಗೆ ಮಾತ್ರ ಅಂಟುವುದು. ಮೇಲೆ ಕಾಗದವನ್ನಿಟ್ಟು ಒತ್ತಿದರೆ ಪುಟವು ಸಿದ್ಧ. ಗುಣಿತಾಕ್ಷರ, ಒತ್ತಕ್ಷರಗಳಿಂದ ಕೂಡಿದ ಕನ್ನಡಕ್ಕೆ ನೂರಾರು ಅಚ್ಚುಮೊಳೆಗಳನ್ನು ಎರಕ ಹೊಯ್ಯುವ ತೊಡಕು ಇದರಲ್ಲಿರಲಿಲ್ಲ.

ಆ ಕಾಲದಲ್ಲಿ ಸುದ್ದಿ ಬಾಯಿಂದ ಬಾಯಿಗೆ ಹರಡುತ್ತಿದ್ದಿತು. ಒಂದು ಊರಿನಲ್ಲಿ ನಡೆದದ್ದು ಮತ್ತೊಂದು ಊರನ್ನು ತಲಪುವಷ್ಟರಲ್ಲಿ ಬೇರೆಯೇ ರೂಪ ತಾಳುತ್ತಿದ್ದಿತು. ಸರಕಾರದ ಕಾಯಿದೆಗಳು ಸಾಮಾನ್ಯನಿಗೆ ತಿಳಿಯುತ್ತಿರಲಿಲ್ಲ. ಈ ಕೊರತೆಯನ್ನು ನೀಗಲು ಮೋಗ್ಲಿಂಗರು 1843ರ ಜುಲೈ 1ರಂದು ‘ಮಂಗಳೂರ ಸಮಾಚಾರ’ವನ್ನು ಆರಂಭಿಸಿದರು. ಹದಿನೈದು ದಿನಗಳಿಗೊಮ್ಮೆ ಬರುವ ನಾಲ್ಕು ಪುಟಗಳ ಪತ್ರಿಕೆ. ಬೆಲೆ ಒಂದು ದುಡ್ಡು. ಊರಿನ ವರ್ತಮಾನ, ಸರಕಾರದ ನಿಯಮಗಳು, ಪರದೇಶದ ಸುದ್ದಿಗಳು, ಗಾದೆ, ಕಥೆ, ಪುರಂದರದಾಸರ ಪದ ಎಲ್ಲವೂ ಅದರಲ್ಲಿ ಸ್ಥಾನ ಪಡೆದವು.

ಆದರೆ ಕಲ್ಲಚ್ಚಿಗೂ ಒಂದು ಮಿತಿಯಿದ್ದಿತು. ಪ್ರತಿಯೊಂದು ಪುಟವನ್ನೂ ಲಿಪಿಕಾರನು ಹೊಸದಾಗಿ ಬರೆಯಬೇಕು. ಅಚ್ಚುಮೊಳೆಗಳಾದರೆ ಒಮ್ಮೆ ಬಳಸಿದವನ್ನು ಬಿಡಿಸಿ ಮತ್ತೆ ಜೋಡಿಸಬಹುದು. ಅಂತಹ ಕನ್ನಡ ಮೊಳೆಗಳುಳ್ಳ ಮುದ್ರಣಾಲಯ ಬಳ್ಳಾರಿಯಲ್ಲಿದ್ದಿತು. ಸಿರುಗುಪ್ಪ, ಕುರುಗೋಡುಗಳನ್ನು ಒಳಗೊಂಡ ಬಳ್ಳಾರಿ ಸೀಮೆಯೂ ಮಂಗಳೂರಿನಂತೆಯೇ ಮದರಾಸು ಆಧಿಪತ್ಯಕ್ಕೆ ಸೇರಿದ್ದಿತು. ಹದಿನಾರು ಸಂಚಿಕೆಗಳ ಬಳಿಕ, 1844ರಲ್ಲಿ, ಮೋಗ್ಲಿಂಗರು ಪತ್ರಿಕೆಯ ಮುದ್ರಣವನ್ನು ಬಳ್ಳಾರಿಗೆ ವರ್ಗಾಯಿಸಿದರು. ತಾವು ಕಟ್ಟಿ ಬೆಳೆಸಿದ ಕಸುಬಿನ ಮೇಲಣ ಅಭಿಮಾನಕ್ಕಿಂತ ಪತ್ರಿಕೆ ಹೆಚ್ಚು ಜನರನ್ನು ಮುಟ್ಟುವುದು ಮುಖ್ಯವಾಗಿದ್ದಿತು. ಊರಿನ ಹೆಸರನ್ನೂ ಅವರು ಬಿಟ್ಟುಕೊಟ್ಟರು. ಕರಾವಳಿಯ ಪತ್ರಿಕೆ ಬಯಲುಸೀಮೆಯಲ್ಲಿ ‘ಕನ್ನಡ ಸಮಾಚಾರ’ವಾಯಿತು. ಒಂದು ಊರಿನ ಹೆಸರು ಹೊತ್ತಿದ್ದ ಪತ್ರಿಕೆ ಈಗ ಒಂದು ಭಾಷೆಯ ಹೆಸರನ್ನು ಧರಿಸಿತು.

ಪತ್ರಿಕೆ ಹೋದರೂ ಬಲ್ಮಠದ ಕಲ್ಲು ಸುಮ್ಮನಿರಲಿಲ್ಲ. ಕ್ಯಾಸಮೇಜರ್ ಎಂಬ ಆಂಗ್ಲ ಅಧಿಕಾರಿಯ ಧನಸಹಾಯದಿಂದ ಮೋಗ್ಲಿಂಗರು 1848ರಿಂದ ಪ್ರಾಚೀನ ಕನ್ನಡ ಕೃತಿಗಳ ಮಾಲೆಯೊಂದನ್ನು ಪ್ರಕಟಿಸತೊಡಗಿದರು. ಜೈಮಿನಿ ಭಾರತ, ಬಸವಪುರಾಣ, ಚೆನ್ನಬಸವಪುರಾಣ, ದಾಸರ ಪದಗಳು ಅದರಲ್ಲಿ ಅಚ್ಚಾದವು. ಇವು ಮೋಗ್ಲಿಂಗರ ಧರ್ಮದ ಗ್ರಂಥಗಳಲ್ಲ. ಆದರೂ ಗೆದ್ದಲಿಗೆ ಈಡಾಗಬಹುದಾಗಿದ್ದ ಓಲೆಗರಿಯ ಸಾಹಿತ್ಯವನ್ನು ಕಾಗದಕ್ಕೆ ತಂದು ಉಳಿಸುವ ಕಾರ್ಯದಲ್ಲಿ ಅವರು ಭೇದವೆಣಿಸಲಿಲ್ಲ.

1853ರಲ್ಲಿ ಮೋಗ್ಲಿಂಗರು ಕೊಡಗಿಗೆ ತೆರಳಿ, ಅಲ್ಲಿಯ ಜನಜೀವನವನ್ನು ಕುರಿತು ಇಂಗ್ಲಿಷಿನಲ್ಲಿ ಗ್ರಂಥ ರಚಿಸಿದರು. 1858ರಲ್ಲಿ ಟ್ಯೂಬಿಂಗೆನ್ ವಿಶ್ವವಿದ್ಯಾನಿಲಯ ಅವರಿಗೆ ಗೌರವ ಡಾಕ್ಟರೇಟ್ ಪದವಿಯನ್ನಿತ್ತಿತು. 1860ರಲ್ಲಿ ಅವರು ಸ್ವದೇಶಕ್ಕೆ ಮರಳಿದರು. ಮತ್ತೆ ಕನ್ನಡ ನಾಡನ್ನು ಕಾಣುವ ಯೋಗ ಅವರಿಗೆ ಒದಗಲಿಲ್ಲ. ಆದರೆ ಕನ್ನಡದ ನಂಟು ಕಡಿಯಲಿಲ್ಲ. ತಾವು ಅಚ್ಚು ಹಾಕಿಸಿದ್ದ ದಾಸರ ಪದಗಳನ್ನು ಜರ್ಮನ್ ಭಾಷೆಗೆ ಅನುವಾದಿಸಿ, ತಮ್ಮ ನಾಡಿನ ವಿದ್ವಾಂಸರ ಮುಂದಿಟ್ಟರು. 1881ನೆಯ ಮೇ 10ರಂದು ಎಸ್ಲಿಂಗೆನ್ ನಗರದಲ್ಲಿ ನಿಧನ ಹೊಂದಿದರು.

ಹೊರನಾಡಿನಿಂದ ಬಂದವನಿಗೆ ಹೊಸ ಊರು ಮನೆಯಾಗುವುದು ಅಲ್ಲಿ ಕಟ್ಟಿದ ಗೋಡೆಗಳಿಂದಲ್ಲ. ಅಲ್ಲಿಯ ನುಡಿಯನ್ನು ಕಲಿತು, ಅಲ್ಲಿಯ ಜನರಿಗೆ ಬೇಕಾದ ಕೆಲಸವನ್ನು ಕೈಯಾರೆ ಮಾಡುವುದರಿಂದ. ಮೋಗ್ಲಿಂಗರು ಕನ್ನಡ ನಾಡನ್ನು ಮನೆ ಮಾಡಿಕೊಂಡುದು ಹೀಗೆ. ಅವರ ಪತ್ರಿಕೆ ಹೊರಬಂದ ಜುಲೈ 1ನೆಯ ದಿನವನ್ನು ಕರ್ನಾಟಕದಲ್ಲಿ ಪತ್ರಿಕಾ ದಿನವನ್ನಾಗಿ ಆಚರಿಸಲಾಗುತ್ತಿದೆ.