ಸದ್ದಿನ ಅಪ್ಪ, ಸದ್ದಡಗಿಸಿದ ಮಗ

ಸೈಲೆನ್ಸರ್ ಎಂದರೆ ನಮಗೆಲ್ಲ ಗೊತ್ತಿರುವುದು ಸ್ಕೂಟರಿನದು. ಹಿಂದೆ ಕೂತಾಗ ಕಾಲಿಗೆ ತಾಗಿ ಚುರ್ ಎನ್ನಿಸುವುದು, ಮಳೆಗಾಲದಲ್ಲಿ ನೀರು ನುಗ್ಗಿ ಗಾಡಿ ನಿಲ್ಲಿಸುವುದು. ಬಂದೂಕಿಗೂ ಸೈಲೆನ್ಸರ್ ಉಂಟು ಅನ್ನುವುದನ್ನು ನಾವು ಕಲಿತದ್ದು ಸಿನಿಮಾದಿಂದ. ಖಳನಾಯಕ ಪಿಸ್ತೂಲಿನ ಮೂತಿಗೆ ಒಂದು ಕೊಳವೆ ತಿರುಗಿಸಿ ಹಾಕುತ್ತಾನೆ, ಪುಸಕ್ ಅಂತ ಸದ್ದು, ಎದುರಿಗಿದ್ದವನು ಸತ್ತ. ಹಾಗಾಗಿ, ಅಮೆರಿಕದಲ್ಲಿ ಸಾಮಾನ್ಯ ಜನ ಇದನ್ನು ಸರ್ಕಾರದ ಒಪ್ಪಿಗೆ ಪಡೆದು ಅಂಗಡಿಯಲ್ಲೇ ಕೊಳ್ಳಬಹುದು ಎಂದು ಓದಿದಾಗ ಇದೇನಪ್ಪ ಹುಚ್ಚಾಟ ಅನ್ನಿಸಿತು ನನಗೆ. ಇದನ್ನು ಮಾಡಿದವನು ಯಾವ ಕಟುಕನೋ ಅಂದುಕೊಂಡು ಹುಡುಕುತ್ತ ಹೋದೆ. ಸಿಕ್ಕವನು ಹೈರಂ ಪರ್ಸಿ ಮ್ಯಾಕ್ಸಿಂ. ಕಟುಕ ಅಲ್ಲವೇ ಅಲ್ಲ. ರೇಡಿಯೋ ಹುಚ್ಚಿನ, ಸಿನಿಮಾ ಹುಚ್ಚಿನ, ಮೋಟಾರು ಹುಚ್ಚಿನ ಒಬ್ಬ ಸಂಭಾವಿತ ಮನುಷ್ಯ.

ಮ್ಯಾಕ್ಸಿಂ ಎಂಬ ಹೆಸರನ್ನು ಚರಿತ್ರೆ ಓದಿದವರು ಕೇಳಿರುತ್ತಾರೆ. ಅದು ಅಪ್ಪನ ಹೆಸರು. ಹೈರಂ ಸ್ಟೀವನ್ಸ್ ಮ್ಯಾಕ್ಸಿಂ 1880ರ ದಶಕದಲ್ಲಿ ಲಂಡನ್ನಿನಲ್ಲಿ ಕೂತು ತಾನಾಗಿಯೇ ಗುಂಡು ತುಂಬಿಕೊಂಡು ಹಾರಿಸುವ ಬಂದೂಕು ಮಾಡಿದವನು. 1898ರಲ್ಲಿ ಸುಡಾನಿನ ಓಮ್ಡುರ್ಮಾನಿನಲ್ಲಿ ಬ್ರಿಟಿಷರು ಸಾವಿರಾರು ಜನರನ್ನು ಅರ್ಧ ದಿನದಲ್ಲಿ ಉರುಳಿಸಿದ್ದರಲ್ಲಿ ಈ ಯಂತ್ರದ ಪಾಲು ದೊಡ್ಡದು. 1901ರಲ್ಲಿ ಆತನಿಗೆ ಸರ್ ಪದವಿ ಸಿಕ್ಕಿತು. ಸಿಕ್ಕ ಇನ್ನೊಂದು ಬಹುಮಾನ ಕಿವುಡು. ವರ್ಷಗಟ್ಟಲೆ ತನ್ನದೇ ಬಂದೂಕಿನ ಪಕ್ಕ ನಿಂತು ಕಿವಿ ಹೋಯಿತು.

ಮಗ ಹುಟ್ಟಿದ್ದು 1869ರ ಸೆಪ್ಟೆಂಬರ್ 2ರಂದು, ನ್ಯೂಯಾರ್ಕಿನ ಬ್ರೂಕ್ಲಿನ್ನಿನಲ್ಲಿ. ಅವನಿಗೆ ಹನ್ನೆರಡು ತುಂಬುವ ಹೊತ್ತಿಗೆ ಅಪ್ಪ ಯೂರೋಪಿಗೆ ಹೋದ. ಹೋದವನು ಅಲ್ಲೇ ನಿಂತುಬಿಟ್ಟ, ಇನ್ನೊಂದು ಸಂಸಾರ ಹೂಡಿದ. ಹುಡುಗ ತಾಯಿಯ ಜೊತೆ ಬೆಳೆದ. 1886ರಲ್ಲಿ, ಇನ್ನೂ ಹದಿನೇಳು ತುಂಬದವನು, ಮೆಸಾಚುಸೆಟ್ಸ್ ಇನ್‌ಸ್ಟಿಟ್ಯೂಟ್ ಆಫ್ ಟೆಕ್ನಾಲಜಿಯಿಂದ ಓದು ಮುಗಿಸಿ ಹೊರಬಿದ್ದ. ನಮ್ಮಲ್ಲಿ ಆ ವಯಸ್ಸಿಗೆ ಎಂಟ್ರೆನ್ಸ್ ಪರೀಕ್ಷೆಯ ಜ್ವರವೇ ಇಳಿದಿರುವುದಿಲ್ಲ!

ಲಿನ್ ಎಂಬ ಊರಿನ ಒಂದು ಮದ್ದುಗುಂಡಿನ ಕಾರ್ಖಾನೆಯಲ್ಲಿ ಕೆಲಸ. ಅಲ್ಲಿದ್ದಾಗ ನಡೆದ ಒಂದು ಸಂಗತಿ ನನಗೆ ಬಹಳ ಇಷ್ಟ. ಪೆಟ್ರೋಲಿನಿಂದ ಗಾಡಿ ಓಡಿಸಬಹುದೇ ಎಂಬ ಯೋಚನೆ ತಲೆಗೆ ಹೊಕ್ಕಿತ್ತು. ಪ್ರಯೋಗಶಾಲೆ ಎಲ್ಲಿಂದ ತರಬೇಕು? ಕಾರ್ಖಾನೆಯಲ್ಲಿ ಬಿದ್ದಿದ್ದ ಫಿರಂಗಿ ತೋಟೆಯ ಖಾಲಿ ಕವಚ ತೆಗೆದುಕೊಂಡ, ಒಂದು ತೊಟ್ಟು ಪೆಟ್ರೋಲು ಹಾಕಿ ಉರುಳಾಡಿಸಿದ, ಬೆಂಕಿಕಡ್ಡಿ ಗೀರಿ ಒಳಗೆಸೆದ. ಧಗ್ಗೆಂದು ಉರಿ ಮೇಲಕ್ಕೆ ಚಿಮ್ಮಿತು. ಒಂದು ತೊಟ್ಟಿನಲ್ಲಿ ಇಷ್ಟು ಬಲವೇ ಎಂದು ಬೆರಗಾದ. ಅಲ್ಲಿಂದ ಮುಂದೆ ಮೋಟಾರು ತ್ರಿಚಕ್ರ, ಹಾರ್ಟ್‌ಫರ್ಡಿನ ಪೋಪ್ ಕಂಪನಿಯಲ್ಲಿ ಮೋಟಾರುಗಾಡಿಗಳ ಇಂಜಿನಿಯರ್ ಕೆಲಸ, 1898ರಲ್ಲಿ ಮದುವೆ. ಇವನ್ನೆಲ್ಲ ಬೇಗ ದಾಟುತ್ತೇನೆ.

ಮೋಟಾರು ಮಾಡಿದವನಿಗೆ ಸದ್ದು ದೊಡ್ಡ ಪೀಡೆ. ಬಂದೂಕಿನದೂ ಅದೇ ಪೀಡೆ ಅಲ್ಲವೇ ಎಂದು ಆತ ಯೋಚಿಸಿದ. ಗುಂಡಿನ ಹಿಂದೆ ಕಾದ ಅನಿಲ ಭಾರೀ ಒತ್ತಡದಲ್ಲಿ ನಳಿಗೆಯಿಂದ ಒಮ್ಮೆಲೇ ಹೊರಗೆ ನುಗ್ಗುತ್ತದೆ, ಅದೇ ಢಂ. ಅಡುಗೆಮನೆಯಲ್ಲಿ ನೋಡಿ: ಕುಕ್ಕರಿನ ವೆಯ್ಟನ್ನು ಸರಕ್ಕನೆ ಎತ್ತಿದರೆ ಮನೆಯೇ ಬೆಚ್ಚಿಬೀಳುತ್ತದೆ, ತಾನಾಗಿ ಇಳಿಯಲು ಬಿಟ್ಟರೆ ಸದ್ದಿಲ್ಲ. ಬಚ್ಚಲಿನ ತೊಟ್ಟಿಯ ನೀರು ತೂತಿನಲ್ಲಿ ಸುಳಿ ಸುತ್ತಿಕೊಂಡು ಇಳಿಯುವುದನ್ನು ಕಂಡಾಗ ಉಪಾಯ ಹೊಳೆಯಿತಂತೆ. ನಳಿಗೆಯ ತುದಿಗೆ ಒಂದು ಡಬ್ಬಿ, ಒಳಗೆ ಅಡ್ಡಡ್ಡ ಬಿಲ್ಲೆಗಳು. ಗುಂಡು ನಡುವಿನ ತೂತಿನಲ್ಲಿ ನೆಟ್ಟಗೆ ಹೋಗುತ್ತದೆ, ಅನಿಲ ಮಾತ್ರ ಬಿಲ್ಲೆಗಳ ನಡುವೆ ಸುತ್ತಿ ಸುತ್ತಿ ತಣ್ಣಗಾಗಿ ನಿಧಾನವಾಗಿ ಹೊರಬರುತ್ತದೆ. 1909ರ ಮಾರ್ಚ್ 30ರಂದು ಪೇಟೆಂಟ್ ದೊರೆಯಿತು. ವಾಹನದ ಸೈಲೆನ್ಸರ್ ನಡೆಯುವುದೂ ಇದೇ ತತ್ವದ ಮೇಲೆ.

ಇಲ್ಲೊಂದು ಮಾತು. ಸಿನಿಮಾದ ಪುಸಕ್ ಶುದ್ಧ ಸುಳ್ಳು. ರೈಫಲ್ಲಿನ ಗುಂಡು ಶಬ್ದಕ್ಕಿಂತ ವೇಗವಾಗಿ ಹಾರುತ್ತದೆ, ಗಾಳಿಯನ್ನು ಸೀಳುವ ಆ ಛಟ್ ಎಂಬ ಸದ್ದನ್ನು ಯಾವ ಡಬ್ಬಿಯೂ ತಡೆಯಲಾರದು. ಸೈಲೆನ್ಸರ್ ಇಳಿಸುವುದು ಸುಮಾರು 20ರಿಂದ 35 ಡೆಸಿಬೆಲ್. 160ರ ಆಸುಪಾಸಿನ ಸದ್ದು 130ರ ಆಸುಪಾಸಿಗೆ ಬರುತ್ತದೆ. ಅಂದ್ರೆ ಕಿವಿ ಉಳಿಯುತ್ತದೆ, ಊರಿಗೆ ಗೊತ್ತಾಗದೇ ಇರುವುದಿಲ್ಲ.

ಆಗ ಈ ಡಬ್ಬಿಗೆ ಅರ್ಜಿಯೂ ಇಲ್ಲ, ಅಪ್ಪಣೆಯೂ ಇಲ್ಲ. ಕೆಲವೇ ಡಾಲರು ಕಳಿಸಿದರೆ ಅಂಚೆಯಲ್ಲಿ ಮನೆಗೆ ಬರುತ್ತಿತ್ತು. ಅಧ್ಯಕ್ಷನಾಗಿದ್ದ ಥಿಯೋಡರ್ ರೂಸ್‌ವೆಲ್ಟ್ ತನ್ನ ವಿಂಚೆಸ್ಟರಿಗೆ ಇದನ್ನು ಹಾಕಿಸಿಕೊಂಡಿದ್ದ, ನೆರೆಹೊರೆಯವರ ನಿದ್ದೆ ಕೆಡಬಾರದೆಂದು. ಮ್ಯಾಕ್ಸಿಂ ಇದನ್ನು ಮಾರಿದ್ದೂ ಅದೇ ದೃಷ್ಟಿಯಿಂದ, ಒಂದು ಮರ್ಯಾದೆಯ ವಸ್ತುವಾಗಿ.

ರೇಡಿಯೋ ಕತೆಗೆ ಬರುತ್ತೇನೆ. ವಿಷಯಾಂತರ ಅನ್ನಬೇಡಿ, ಸಂಬಂಧ ಇದೆ. 1914ರ ಏಪ್ರಿಲಿನಲ್ಲಿ ಹಾರ್ಟ್‌ಫರ್ಡಿನ ತನ್ನ ಮನೆಯಿಂದ ಸುಮಾರು ಮೂವತ್ತು ಮೈಲಿ ದೂರದ ಸ್ಪ್ರಿಂಗ್‌ಫೀಲ್ಡಿಗೆ ತಂತಿಯಿಲ್ಲದ ಸಂದೇಶ ಕಳಿಸಲು ಹೋದ, ಮುಟ್ಟಲಿಲ್ಲ. ನಡುದಾರಿಯ ಇನ್ನೊಬ್ಬ ಹವ್ಯಾಸಿಯ ಮೂಲಕ ದಾಟಿಸಬೇಕಾಯಿತು. ಹಾಗಾದರೆ ಎಲ್ಲ ಹವ್ಯಾಸಿಗಳೂ ಕೈಗೆ ಕೈ ದಾಟಿಸಿದರೆ ದೇಶವನ್ನೇ ದಾಟಬಹುದಲ್ಲ! ಕ್ಲಾರೆನ್ಸ್ ಟಸ್ಕ ಎಂಬ ಹುಡುಗನ ಜೊತೆ ಸೇರಿ ಅಮೆರಿಕನ್ ರೇಡಿಯೋ ರಿಲೇ ಲೀಗ್ ಕಟ್ಟಿದ. ಮರುವರ್ಷ ಅದಕ್ಕೊಂದು ಪತ್ರಿಕೆ. ಅದರಲ್ಲಿ ಮುದುಕ ಎಂಬ ಗುಪ್ತನಾಮದಲ್ಲಿ ಸ್ವತಃ ತಾನೇ ಗೊಣಗುತ್ತ ಬರೆಯುತ್ತಿದ್ದ. (ನಮ್ಮ ಸಂಘದ ಪತ್ರಿಕೆಗೂ ಅಂಥ ಒಬ್ಬ ಮುದುಕ ಬೇಕು ಅಂತ ನನ್ನ ಆಸೆ.) 1917ರಲ್ಲಿ ಅಮೆರಿಕ ಯುದ್ಧಕ್ಕೆ ಇಳಿದದ್ದೇ ತಡ, ಹವ್ಯಾಸಿಗಳೆಲ್ಲ ಬಾಯಿಮುಚ್ಚಿ ಕಂಬ ಇಳಿಸಿ ಎಂದು ಆಜ್ಞೆ ಬಂತು. ಯುದ್ಧ ಮುಗಿದ ಮೇಲೂ ರೇಡಿಯೋ ನೌಕಾಪಡೆಯ ಕೈಯಲ್ಲೇ ಇರಲಿ ಎಂಬ ಮಸೂದೆ ಎದ್ದಿತು. ಮ್ಯಾಕ್ಸಿಂ ಸುಮ್ಮನೆ ಕೂರಲಿಲ್ಲ. ಊರೂರಿನ ಹುಡುಗರಿಂದ, ಅವರ ಅಪ್ಪ ಅಮ್ಮಂದಿರಿಂದ ಕಾಂಗ್ರೆಸ್ಸಿಗೆ ಪತ್ರಗಳ ಮಳೆ ಸುರಿಸಿದ. ಮಸೂದೆ ಬಿತ್ತು. 1919ರ ಕೊನೆಯ ಹೊತ್ತಿಗೆ ಹವ್ಯಾಸಿಗಳು ಮತ್ತೆ ಗಾಳಿಯಲ್ಲಿ ಮಾತಾಡಿದರು.

ಸರ್ಕಾರದ ಎದುರು ಹೀಗೆ ನಿಂತು ಗೆಲ್ಲಬಲ್ಲವನು, ತನ್ನ ಡಬ್ಬಿಯ ಸರದಿ ಬಂದಾಗ? 1920ರ ದಶಕ ದರೋಡೆಕೋರರ ಕಾಲ. ಪತ್ರಿಕೆಗಳ ತುಂಬ ಮೆಷಿನ್ ಗನ್ನು, ಕೊಲೆ. 1934ರ ಜೂನ್ 26ರಂದು ಇನ್ನೊಬ್ಬ ರೂಸ್‌ವೆಲ್ಟ್, ಫ್ರಾಂಕ್ಲಿನ್, ರಾಷ್ಟ್ರೀಯ ಬಂದೂಕು ಕಾಯ್ದೆಗೆ ಸಹಿ ಹಾಕಿದ. ಮೊದಲ ಕರಡಿನಲ್ಲಿ ಪಿಸ್ತೂಲೂ ಇತ್ತು. ಗಲಾಟೆಯಾದ ಮೇಲೆ ಅದನ್ನು ಕೈಬಿಟ್ಟರು. ಸೈಲೆನ್ಸರ್ ಪರ ಗಲಾಟೆ ಮಾಡುವವರಿರಲಿಲ್ಲ, ಅದು ಒಳಗೇ ಉಳಿಯಿತು. ಚರ್ಚೆಯಲ್ಲಿ ಅದರ ಮಾತು ಬಂದದ್ದೇ ಅಪರೂಪ. ತೆರಿಗೆ ಇನ್ನೂರು ಡಾಲರು! ಇಂದಿನ ಲೆಕ್ಕದಲ್ಲಿ ನಾಲ್ಕು ಸಾವಿರಕ್ಕೂ ಮೇಲೆ. ಬೆಣ್ಣೆಗಿಂತ ಬೆಣ್ಣೆ ಕಾಯಿಸುವ ಸೌದೆ ದುಬಾರಿ ಎಂದಂತಾಯಿತು. ಮ್ಯಾಕ್ಸಿಮನ ಕಂಪನಿ ಅಷ್ಟರಲ್ಲಿ ಇಂಜಿನ್ನುಗಳ, ಕಾರ್ಖಾನೆಗಳ ಸದ್ದಡಗಿಸುವ ಕೆಲಸಕ್ಕೆ ತಿರುಗಿತ್ತು. ಅದರಲ್ಲೇ ಲಾಭ ಇತ್ತು. ಡಬ್ಬಿ ಅನಾಥವಾಯಿತು.

ಕಾಯ್ದೆಯಲ್ಲಿ ನಿಷೇಧ ಇರಲಿಲ್ಲ, ನೋಂದಣಿ ಮತ್ತು ತೆರಿಗೆ ಮಾತ್ರ. ಹಾಗಾಗಿ ಇವತ್ತಿಗೂ ಕೊಳ್ಳುವವನು ಹೋಗಬೇಕಾದ ದಾರಿ ಹೀಗಿದೆ. ವಿಶೇಷ ಪರವಾನಗಿ ಇರುವ ಅಂಗಡಿಯಲ್ಲಿ ಹಣ ಕೊಟ್ಟು ಆರಿಸಿಕೊಳ್ಳಬೇಕು, ಆದರೆ ಮನೆಗೆ ಒಯ್ಯುವಂತಿಲ್ಲ, ಅದು ಅಂಗಡಿಯವನ ತಿಜೋರಿಯಲ್ಲೇ ಕೂರುತ್ತದೆ. ಫಾರಂ 4 ತುಂಬಬೇಕು. ಹತ್ತು ಬೆರಳಿನ ಗುರುತು, ಪಾಸ್‌ಪೋರ್ಟ್ ಅಳತೆಯ ಫೋಟೋ, ವಸ್ತುವಿನ ಕ್ರಮಸಂಖ್ಯೆ. ಅದು ಎ.ಟಿ.ಎಫ್. ಎಂಬ ಕೇಂದ್ರ ಇಲಾಖೆಗೆ ಹೋಗಿ, ಪೂರ್ವಾಪರ ವಿಚಾರಣೆಯಾಗಿ, ಒಪ್ಪಿಗೆಯಾಗಿ ಬಂದ ಮೇಲೆ ವಸ್ತು ಕೈಗೆ. 2016ರ ತನಕ ಊರಿನ ಪೊಲೀಸ್ ಮುಖ್ಯಸ್ಥನ ಸಹಿಯೂ ಬೇಕಿತ್ತು. ಆತ ಹಾಕುವುದಿಲ್ಲ ಅಂದರೆ ಮುಗಿಯಿತು. ಆ ವರ್ಷದ ಜುಲೈನಿಂದ ಒಂದು ಪ್ರತಿ ಕಳಿಸಿದರೆ ಸಾಕು. ಕಾಗದದ ಅರ್ಜಿಗೆ ಎಷ್ಟೋ ಸಲ ಎಂಟು ತಿಂಗಳು, ವರ್ಷ ಕಾಯಬೇಕಾಗುತ್ತಿತ್ತು. 2021ರ ಡಿಸೆಂಬರಿನಲ್ಲಿ ಗಣಕದ ಮೂಲಕ ಅರ್ಜಿ ತೆಗೆದುಕೊಳ್ಳತೊಡಗಿದ ಮೇಲೆ, 2024ರ ಹೊತ್ತಿಗೆ ಕೆಲವರಿಗೆ ಕೆಲವೇ ದಿನಗಳಲ್ಲಿ ಸಿಕ್ಕಿತು. ಇನ್ನೂರು ಡಾಲರು ಮಾತ್ರ ತೊಂಬತ್ತೊಂದು ವರ್ಷ ಕದಲಲಿಲ್ಲ. 2025ರ ಕಾಯ್ದೆಯೊಂದು ಅದನ್ನು 2026ರ ಜನವರಿ 1ರಿಂದ ಸೊನ್ನೆ ಮಾಡಿತು. ಬೆರಳಚ್ಚು, ಫಾರಂ, ಕಾಯುವಿಕೆ ಉಳಿದಿವೆ. ಒಪ್ಪಿಗೆ ಇಲ್ಲದೆ ಇಟ್ಟುಕೊಂಡರೆ ಹತ್ತು ವರ್ಷದವರೆಗೆ ಜೈಲು. ಎಂಟು ರಾಜ್ಯಗಳಲ್ಲಂತೂ ಸಾಮಾನ್ಯರು ಇಟ್ಟುಕೊಳ್ಳುವಂತೆಯೇ ಇಲ್ಲ. ತಮಾಷೆ ಏನೆಂದರೆ ಮ್ಯಾಕ್ಸಿಂ ಹುಟ್ಟಿದ ನ್ಯೂಯಾರ್ಕ್, ಓದಿದ ಮೆಸಾಚುಸೆಟ್ಸ್ ಎರಡೂ ಆ ಎಂಟರಲ್ಲಿವೆ.

ಇದೆಲ್ಲ ಅತಿಯಾಯಿತೇ? ನನ್ನ ಮನಸ್ಸು ಎರಡು ಕಡೆಗೂ ಎಳೆಯುತ್ತದೆ. ಕೊಡಗಿನಲ್ಲಿ ಕೊಡವರಿಗೆ ಕೋವಿ ಲೈಸೆನ್ಸಿನಿಂದ ವಿನಾಯಿತಿ ಇದೆ, ಅದರಿಂದ ಊರೇನೂ ಹಾಳಾಗಿಲ್ಲ. ಹಾಗೆಂದು ಕೊಲ್ಲುವ ಯಂತ್ರಕ್ಕೆ ಸಿಕ್ಕಿಸುವ ವಸ್ತುವನ್ನು ಹೆಸರು ಬರೆಸಿ ಕೊಳ್ಳಿ ಎನ್ನುವುದರಲ್ಲಿ ತಪ್ಪೂ ಕಾಣುವುದಿಲ್ಲ. ನನಗೆ ಸಿಟ್ಟು ಬರುವುದು ಬೇರೆ ಕಾರಣಕ್ಕೆ. 1934ರಲ್ಲಿ ಒಬ್ಬನಾದರೂ ಆ ಡಬ್ಬಿಯನ್ನು ಕೈಗೆತ್ತಿಕೊಂಡು ಇದು ಎಷ್ಟು ಸದ್ದಡಗಿಸುತ್ತದೆ, ಯಾರು ಕೊಳ್ಳುತ್ತಿದ್ದಾರೆ ಎಂದು ಕೂತು ವಿಚಾರಿಸಬಹುದಿತ್ತು. ಮ್ಯಾಕ್ಸಿಂ ಇನ್ನೂ ಬದುಕಿದ್ದ. ರೈಲಿನಲ್ಲಿ ಅರ್ಧ ದಿನದೊಳಗಿನ ದಾರಿ.

ಆತ ಮಾತ್ರ ಬೇರೆ ಹುಚ್ಚುಗಳಲ್ಲಿ ಮುಳುಗಿದ್ದ. 1925ರಲ್ಲಿ ಪ್ಯಾರಿಸ್ಸಿನಲ್ಲಿ ಹುಟ್ಟಿದ ಅಂತರರಾಷ್ಟ್ರೀಯ ಹವ್ಯಾಸಿ ರೇಡಿಯೋ ಒಕ್ಕೂಟಕ್ಕೆ ಮೊದಲ ಅಧ್ಯಕ್ಷ, 1926ರಲ್ಲಿ ಹವ್ಯಾಸಿ ಸಿನಿಮಾ ಸಂಘದ ಸ್ಥಾಪಕ. ಕೊನೆಗೆ ನಕ್ಷತ್ರಗಳ ಹುಚ್ಚು. 1936ರ ಫೆಬ್ರವರಿಯಲ್ಲಿ ಹೆಂಡತಿಯ ಜೊತೆ ಕ್ಯಾಲಿಫೋರ್ನಿಯದ ಲಿಕ್ ವೀಕ್ಷಣಾಲಯ ನೋಡಲು ರೈಲಿನಲ್ಲಿ ಹೊರಟವನು ದಾರಿಯಲ್ಲೇ ಕಾಯಿಲೆ ಬಿದ್ದ. ಕೊಲರಾಡೋದ ಲ ಹಂಟ ಎಂಬ ಊರಿನಲ್ಲಿ ಇಳಿಸಿ ಆಸ್ಪತ್ರೆಗೆ ಸೇರಿಸಿದರು. 17ರಂದು ತೀರಿಕೊಂಡ, ಅರವತ್ತಾರು ವಯಸ್ಸು. ಬಿಟ್ಟುಹೋದ ಅಪ್ಪನ ಬಗ್ಗೆ ಆತ ಬರೆದ ಪುಸ್ತಕ ಆ ವರ್ಷವೇ ಅಚ್ಚಾಯಿತು. ಸಿಟ್ಟಿನ ಪುಸ್ತಕ ಅಂದುಕೊಂಡಿದ್ದೆ. ಅಲ್ಲ. ಬಾಲ್ಯದಲ್ಲಿ ಕಂಡ ಅಪ್ಪನ ಚೇಷ್ಟೆಗಳನ್ನು ನೆನೆದು ನಗುವ ಪುಸ್ತಕ.

ಆತನ ರೇಡಿಯೋ ಕರೆಸಂಕೇತ ಡಬ್ಲ್ಯೂ 1 ಎ ಡಬ್ಲ್ಯೂ. ಅದನ್ನು ಬೇರೆ ಯಾರಿಗೂ ಕೊಡದೆ ಲೀಗ್ ತನ್ನ ಕೇಂದ್ರಕ್ಕೇ ಇಟ್ಟುಕೊಂಡಿತು. ಕನೆಕ್ಟಿಕಟ್ಟಿನ ನ್ಯೂಯಿಂಗ್ಟನ್ನಿನಿಂದ ಅದು ಇವತ್ತಿಗೂ ಹೊಸಬರ ಅಭ್ಯಾಸಕ್ಕಾಗಿ ಮೋರ್ಸ್ ಕಳಿಸುತ್ತದೆ, ಮೊದಲು ನಿಧಾನವಾಗಿ, ಆಮೇಲೆ ಬೇಗ ಬೇಗ.