ಸೊಲ್ಲಾಪುರದ ಸುಪುತ್ರ ಸೇಠ ವಾಲಚಂದ ಹಿರಾಚಂದರು

ಪ್ರಾಚೀನ ಕಾಲದಲ್ಲಿ ಸೊನ್ನಲಿಗೆಯೆಂದು ಹೆಸರಾಗಿದ್ದ ನಮ್ಮ ಸೊಲ್ಲಾಪುರವು ಶಿವಯೋಗಿ ಸಿದ್ಧರಾಮೇಶ್ವರರ ಕಾಯಕದಿಂದ ಪುನೀತವಾದ ನಗರ. ಕೆರೆಯನ್ನು ಕಟ್ಟುವುದೂ ಶಿವಪೂಜೆಯೇ ಎಂಬುದನ್ನು ಆ ಮಹಾತ್ಮರು ನಡೆದು ತೋರಿದರು. ಕೆರೆಯನ್ನು ಕಟ್ಟಿಸಿದವರು ಅದರ ನೀರನ್ನು ತಾವೇ ಉಣ್ಣಲಾರರು. ಅವರು ಕಾಣದ ತಲೆಮಾರುಗಳು ಅದನ್ನು ಉಣ್ಣುತ್ತವೆ. ಅದೇ ನಗರದಲ್ಲಿ ಏಳು ಶತಮಾನಗಳ ತರುವಾಯ ಜನಿಸಿದ ವಣಿಕರೊಬ್ಬರು ಬೆಂಗಳೂರಿನಲ್ಲಿ ಇಂತಹದೇ ಒಂದು ಕೆರೆಗೆ ಮೊದಲ ಕಲ್ಲನ್ನಿಟ್ಟರು. ಅದು ನೀರಿನ ಕೆರೆಯಲ್ಲ, ವಿಮಾನವಿದ್ಯೆಯ ಕೆರೆ. ಹಡಗಿನ ಒಡೆಯರೆಂದೂ ಸಕ್ಕರೆ ಕಾರ್ಖಾನೆಯ ಸ್ಥಾಪಕರೆಂದೂ ಸೇಠ ವಾಲಚಂದ ಹಿರಾಚಂದರ ಹೆಸರನ್ನು ಬಲ್ಲವರು ನಮ್ಮಲ್ಲಿ ಬಹಳ ಮಂದಿ. ಆದರೆ ಭಾರತದಲ್ಲಿ ವಿದ್ಯಾರ್ಥಿಗಳು ವಿಮಾನಶಾಸ್ತ್ರವನ್ನು ಓದಿ, ಪ್ರಯೋಗ ಮಾಡಿ, ಸಂಶೋಧಿಸುವ ಪರಂಪರೆಗೂ ಅವರ ಸಾಹಸಕ್ಕೂ ಇರುವ ಸಂಬಂಧವನ್ನು ನಮ್ಮ ಮಕ್ಕಳು ಅಷ್ಟಾಗಿ ಅರಿಯರು. ಆ ಸಂಬಂಧವನ್ನು ತಿಳಿಸುವುದೇ ಈ ಲೇಖನದಲ್ಲಿ ನಮ್ಮ ಉದ್ದೇಶ.

ವಾಲಚಂದರು 1882ನೆಯ ಇಸವಿ ನವೆಂಬರ್ 23ರಂದು ಸೊಲ್ಲಾಪುರದಲ್ಲಿ ಜನಿಸಿದರು. ಅವರ ಪೂರ್ವಜರು ಸೌರಾಷ್ಟ್ರದ ವಾಂಕಾನೇರದಿಂದ ವ್ಯಾಪಾರಾರ್ಥವಾಗಿ ಈ ಕಡೆಗೆ ಬಂದು ನೆಲೆನಿಂತ ದಿಗಂಬರ ಜೈನರು. ಹತ್ತಿಯ ವ್ಯಾಪಾರವೂ ಲೇವಾದೇವಿಯೂ ಮನೆತನದ ವೃತ್ತಿ. ತಂದೆ ಹಿರಾಚಂದ ನೇಮಚಂದ ದೋಶಿಯವರು ವಿದ್ಯಾಭಿಮಾನಿಗಳು. ಅವರ ಹೆಸರಿನ ವಾಚನಾಲಯವನ್ನು ಸೊಲ್ಲಾಪುರದವರೆಲ್ಲರೂ ಬಲ್ಲರು. ವಾಲಚಂದರ ಮನೆಮಾತು ಗುಜರಾತಿ. ಅವರು ಬೆಳೆದ ಪೇಟೆಯಾದರೋ ಕನ್ನಡ, ಮರಾಠಿ, ತೆಲುಗು, ಉರ್ದು ನಾಲ್ಕೂ ಭಾಷೆಗಳು ಒಂದೇ ಅಂಗಡಿಯ ಮುಂದೆ ಕೇಳಿಬರುವ ಪೇಟೆ. ಅವರನ್ನು ಕನ್ನಡಿಗರೆಂದು ಕರೆದುಕೊಳ್ಳುವ ಹಂಬಲ ನಮಗಿಲ್ಲ. ನಮ್ಮೂರಿನವರು ಎಂಬಷ್ಟೇ ಅಭಿಮಾನ ಸಾಕು.

1899ರಲ್ಲಿ ಮೆಟ್ರಿಕ್ಯುಲೇಶನ್ ಪರೀಕ್ಷೆಯಲ್ಲಿ ತೇರ್ಗಡೆಯಾದ ವಾಲಚಂದರು ಮುಂಬಯಿಯ ಸೇಂಟ್ ಝೇವಿಯರ್ ಕಾಲೇಜಿನಲ್ಲಿಯೂ ಅನಂತರ ಪುಣೆಯ ಡೆಕ್ಕನ್ ಕಾಲೇಜಿನಲ್ಲಿಯೂ ವ್ಯಾಸಂಗ ಮಾಡಿದರು. ಆದರೆ ಪದವಿಯನ್ನು ಪಡೆಯದೆ ಹಿಂದಿರುಗಿದರು. ಮನೆತನದ ವ್ಯಾಪಾರವೂ ಅವರ ಮನಸ್ಸಿಗೆ ಹಿಡಿಸಲಿಲ್ಲ. ಆ ಸಮಯದಲ್ಲಿ ರೈಲ್ವೆಯಲ್ಲಿ ಗುಮಾಸ್ತರಾಗಿದ್ದ ಲಕ್ಷ್ಮಣರಾವ ಫಾಟಕರ ಸ್ನೇಹವಾಯಿತು. ಇಬ್ಬರೂ ಕೂಡಿ ಗುತ್ತಿಗೆಯ ಕೆಲಸಕ್ಕೆ ಕೈಹಾಕಿದರು. ಅವರಿಗೆ ದೊರೆತ ಮೊದಲ ಕೆಲಸವು ನಮ್ಮ ಜಿಲ್ಲೆಯ ಬಾರ್ಶಿ ಲಘು ರೈಲ್ವೆಯ ಹಳಿಯನ್ನು ಮುಂದುವರಿಸುವುದು. ಕಾಗದದ ಮೇಲಿನ ನಕ್ಷೆಯು ನೆಲದ ಮೇಲೆ ಹಳಿಯಾಗಿ ಮಲಗುವುದನ್ನು ಆ ತರುಣರು ಬಿಸಿಲಿನಲ್ಲಿ ನಿಂತು ನೋಡಿದರು. ಮುಂದೆ ಭೋರ ಘಾಟದ ಸುರಂಗಗಳಂತಹ ಹಿರಿಯ ಕಾಮಗಾರಿಗಳು ವಾಲಚಂದರ ಕೈಸೇರಿದವು. 1919ರಲ್ಲಿ ನರೋತ್ತಮ ಮೊರಾರ್ಜಿಯವರೇ ಮೊದಲಾದವರೊಡನೆ ಸಿಂಧಿಯಾ ಹಡಗು ಕಂಪನಿಯನ್ನು ಕಟ್ಟಿದರು. ಆ ವರ್ಷದ ಏಪ್ರಿಲ್ 5ರಂದು ಅವರ ಲಾಯಲ್ಟಿ ಎಂಬ ಹಡಗು ಮುಂಬಯಿಯಿಂದ ಲಂಡನ್ನಿಗೆ ಹೊರಟಿತು. ಆ ದಿನವೇ ಇಂದಿಗೂ ರಾಷ್ಟ್ರೀಯ ನೌಕಾಯಾನ ದಿನವಾಗಿ ಆಚರಿಸಲ್ಪಡುತ್ತಿದೆ. ಪರಕೀಯ ಹಡಗು ಕಂಪನಿಗಳೊಡನೆ ಅವರು ನಡೆಸಿದ ಹೋರಾಟವು ಪ್ರತ್ಯೇಕ ಗ್ರಂಥಕ್ಕೆ ತಕ್ಕ ವಿಷಯವಾದುದರಿಂದ ಇಲ್ಲಿ ಅದನ್ನು ವಿಸ್ತರಿಸುವುದಿಲ್ಲ.

ನೆಲದ ಮೇಲೆ ಹಳಿ, ಕಡಲಿನ ಮೇಲೆ ಹಡಗು, ಇನ್ನುಳಿದುದು ಆಕಾಶ. 1939ರಲ್ಲಿ ಮೋಟಾರು ಕಾರ್ಖಾನೆಯೊಂದನ್ನು ಸ್ಥಾಪಿಸುವ ವಿಚಾರವಾಗಿ ವಾಲಚಂದರು ಅಮೇರಿಕೆಗೆ ಪ್ರಯಾಣ ಮಾಡಿದರು. ಆ ಪ್ರವಾಸದಲ್ಲಿ ವಿಲಿಯಂ ಪಾಲಿ ಎಂಬ ಅಮೇರಿಕನ್ ಉದ್ಯಮಿಯ ಪರಿಚಯವಾಯಿತು. ಚೀನಾ ದೇಶದಲ್ಲಿ ವಿಮಾನಗಳ ಕಾರ್ಖಾನೆಯನ್ನು ನಡೆಸುತ್ತಿದ್ದವನು ಈತ. ಚೀನದಲ್ಲಿ ಸಾಧ್ಯವಾದುದು ಭಾರತದಲ್ಲಿ ಏಕೆ ಸಾಧ್ಯವಾಗಬಾರದು ಎಂಬ ಯೋಚನೆ ವಾಲಚಂದರನ್ನು ಹಿಡಿಯಿತು. ಎರಡನೆಯ ಮಹಾಯುದ್ಧ ಆರಂಭವಾಗಿದ್ದಿತು. ಮೊದಮೊದಲು ಹಿಂದೆಮುಂದೆ ನೋಡಿದ ಬ್ರಿಟಿಷ್ ಸರಕಾರವು ಯುದ್ಧದ ಒತ್ತಡ ಹೆಚ್ಚಿದಂತೆ ಒಪ್ಪಿಗೆ ಕೊಟ್ಟಿತು.

ಕಾರ್ಖಾನೆಗೆ ಸ್ಥಳವೆಲ್ಲಿ? ಮೈಸೂರು ಸಂಸ್ಥಾನದ ದಿವಾನರಾಗಿದ್ದ ಸರ್ ಮಿರ್ಜಾ ಇಸ್ಮಾಯಿಲರು ಮುಂದೆ ಬಂದು ಬೆಂಗಳೂರಿನ ಬಳಿ 700 ಎಕರೆ ಭೂಮಿಯನ್ನು ಕೊಟ್ಟರಲ್ಲದೆ ಸಂಸ್ಥಾನದ ಬೊಕ್ಕಸದಿಂದ 25 ಲಕ್ಷ ರೂಪಾಯಿಗಳನ್ನು ತೊಡಗಿಸಿದರು. 1940ನೆಯ ಇಸವಿ ಡಿಸೆಂಬರ್ 23ರಂದು ಹಿಂದೂಸ್ಥಾನ ಏರ್‌ಕ್ರಾಫ್ಟ್ ಕಂಪನಿ ನೋಂದಣಿಯಾಯಿತು. ಅಂದು ಸೊಲ್ಲಾಪುರವು ಮುಂಬಯಿ ಪ್ರಾಂತದಲ್ಲಿದ್ದಿತು. ಅಕ್ಕಲಕೋಟೆ ಬೇರೆ ಸಂಸ್ಥಾನ. ಬೆಂಗಳೂರು ಇನ್ನೊಬ್ಬ ಅರಸರ ರಾಜ್ಯ. ಆದರೂ ಹೊಟಗಿಯಿಂದ ವಿಜಾಪುರ, ಗದಗಗಳ ಮಾರ್ಗವಾಗಿ ತೆಂಕಣಕ್ಕೆ ಹೋಗುವ ರೈಲು ಈ ಸೀಮೆಗಳನ್ನೆಲ್ಲ ಒಂದೇ ದಾರದಲ್ಲಿ ಪೋಣಿಸಿದ್ದಂತೆ, ಈ ಸಾಹಸವೂ ಸೊಲ್ಲಾಪುರದ ಉದ್ಯಮಶೀಲತೆಯನ್ನು ಕನ್ನಡ ನಾಡಿನ ಔದಾರ್ಯದೊಡನೆ ಪೋಣಿಸಿತು.

ಕಾರ್ಖಾನೆಯ ಕೆಲಸವು ಭರದಿಂದ ಸಾಗಿತು. 1941ರ ಆಗಸ್ಟ್ ತಿಂಗಳಿನಲ್ಲಿಯೇ ಅಲ್ಲಿ ಜೋಡಿಸಿದ ಹಾರ್ಲೋ ಎಂಬ ತರಬೇತಿ ವಿಮಾನ ಸಿದ್ಧವಾಯಿತು. ಮರುವರ್ಷ ಕರ್ಟಿಸ್ ಹಾಕ್ ಎಂಬ ಯುದ್ಧವಿಮಾನ ಹಾರಿತು. 1941ರಲ್ಲಿ ಭಾರತ ಸರಕಾರವು ಮೂರನೆಯ ಒಂದು ಪಾಲಿಗೆ ಒಡೆತನ ಪಡೆದಿದ್ದಿತು. ಅಷ್ಟರಲ್ಲಿ ಜಪಾನು ಯುದ್ಧಕ್ಕಿಳಿಯಿತು. 1942ರ ಏಪ್ರಿಲಿನಲ್ಲಿ ವಿಶಾಖಪಟ್ಟಣದ ಮೇಲೆ ಬಾಂಬು ಬಿದ್ದಿತು. ಅದೇ ತಿಂಗಳು ಸರಕಾರವು ಪರಿಹಾರ ಧನವನ್ನಿತ್ತು ವಾಲಚಂದರ ಪಾಲನ್ನು ಕೊಂಡುಕೊಂಡಿತು. ಹೀಗೆ ಕಂಪನಿ ಹುಟ್ಟಿದ ಹದಿನಾರು ತಿಂಗಳಲ್ಲಿಯೇ ಅದು ಅದರ ಜನಕನ ಕೈಬಿಟ್ಟಿತು. ವ್ಯಾಪಾರದ ಲೆಕ್ಕದಲ್ಲಿ ಇದು ಸಣ್ಣ ಅಧ್ಯಾಯ. ವಿದ್ಯೆಯ ಲೆಕ್ಕದಲ್ಲಿ ಹಾಗಲ್ಲ.

ಅದು ಹೇಗೆಂಬುದನ್ನು ವಿವರಿಸುತ್ತೇವೆ. ಅಮೇರಿಕೆಯಿಂದ ಬಂದ ಭಾಗಗಳನ್ನು ಜೋಡಿಸುವುದು ಒಂದು ಕೆಲಸ. ಹೊಸ ವಿಮಾನವನ್ನು ಕಲ್ಪಿಸಿ ರಚಿಸುವುದು ಬೇರೊಂದು ಕೆಲಸ. ಮೊದಲನೆಯದಕ್ಕೆ ಕೈಚಳಕ ಸಾಕು. ಎರಡನೆಯದಕ್ಕೆ ರೆಕ್ಕೆ ಏಕೆ ಮೇಲಕ್ಕೆಳೆಯುತ್ತದೆ, ಎಷ್ಟು ಭಾರಕ್ಕೆ ಮುರಿಯುತ್ತದೆ, ಬಾಲವನ್ನು ಎಷ್ಟು ದೂರದಲ್ಲಿಟ್ಟರೆ ವಿಮಾನ ಸ್ಥಿರವಾಗಿರುತ್ತದೆ ಎಂಬ ಪ್ರಶ್ನೆಗಳಿಗೆ ಉತ್ತರ ಬಲ್ಲವರು ಬೇಕು. ಅಂತಹವರನ್ನು ತಯಾರಿಸುವ ವಿದ್ಯಾಲಯವನ್ನು ಕಾರ್ಖಾನೆಯ ಅಗತ್ಯವೇ ಹುಟ್ಟಿಸಿತು. 1942ರ ಡಿಸೆಂಬರಿನಲ್ಲಿ, ಬೆಂಗಳೂರಿಗರು ಟಾಟಾ ಇನ್‌ಸ್ಟಿಟ್ಯೂಟ್ ಎಂದು ಕರೆಯುವ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ವೈಮಾನಿಕ ಇಂಜಿನಿಯರಿಂಗ್ ವಿಭಾಗವು ಪ್ರಾರಂಭವಾಯಿತು. ಅದಕ್ಕೆ ನಾಯಕರಾದವರು ಡಾಕ್ಟರ್ ವಿಷ್ಣು ಮಾಧವ ಘಾಟಗೆಯವರು. ಇವರೂ ಗಡಿಸೀಮೆಯವರೇ, 1908ರಲ್ಲಿ ಕೊಲ್ಹಾಪುರ ಜಿಲ್ಲೆಯ ಹಸೂರಚಂಪು ಎಂಬ ಸಣ್ಣ ಹಳ್ಳಿಯಲ್ಲಿ ಹುಟ್ಟಿದವರು. ಜರ್ಮನಿಯ ಗಾಟಿಂಗೆನ್ನಿನಲ್ಲಿ ವಾಯುಗತಿಶಾಸ್ತ್ರದ ಆಚಾರ್ಯರಾದ ಲೂಡ್ವಿಗ್ ಪ್ರಾಂಟಲರ ಶಿಷ್ಯರಾಗಿ 1936ರಲ್ಲಿ ಡಾಕ್ಟರೇಟ್ ಪಡೆದಿದ್ದರು.

ವಿಮಾನಶಾಸ್ತ್ರದ ವಿದ್ಯಾರ್ಥಿಗೆ ಪುಸ್ತಕದಷ್ಟೇ ಮುಖ್ಯವಾದುದು ವಾಯುಸುರಂಗ. ಇದರ ತತ್ತ್ವವನ್ನು ನಮ್ಮ ರೈತ ಕುಟುಂಬದ ಮಕ್ಕಳು ಸುಲಭವಾಗಿ ಗ್ರಹಿಸಬಲ್ಲರು. ಕಣದಲ್ಲಿ ಜೋಳವನ್ನು ತೂರುವಾಗ ಗಾಳಿಯು ಹೊಟ್ಟನ್ನು ದೂರಕ್ಕೊಯ್ದು ಕಾಳನ್ನು ಹತ್ತಿರದಲ್ಲಿ ಬೀಳಿಸುತ್ತದೆ. ಒಂದೇ ಗಾಳಿ, ಆದರೆ ವಸ್ತುವಿನ ಆಕಾರಕ್ಕೂ ಭಾರಕ್ಕೂ ತಕ್ಕಂತೆ ಅದರ ಪರಿಣಾಮ ಬೇರೆ. ಗಾಳಿ ಬೀಸುವವರೆಗೆ ರೈತನು ಕಾಯಬೇಕು, ವಿಜ್ಞಾನಿಯು ಕಾಯುವುದಿಲ್ಲ. ಅವನು ದೊಡ್ಡ ಕೊಳವೆಯೊಳಗೆ ಭಾರಿ ಪಂಖದಿಂದ ಬೇಕಾದ ವೇಗದ ಗಾಳಿಯನ್ನು ತಾನೇ ಹರಿಸುತ್ತಾನೆ. ಆಕಾಶದಲ್ಲಿ ವಿಮಾನ ಚಲಿಸುತ್ತದೆ, ಗಾಳಿ ನಿಂತಿರುತ್ತದೆ. ಸುರಂಗದಲ್ಲಿ ವಿಮಾನದ ಸಣ್ಣ ಮಾದರಿ ನಿಂತಿರುತ್ತದೆ, ಗಾಳಿ ಚಲಿಸುತ್ತದೆ. ಫಲವು ಎರಡರಲ್ಲಿಯೂ ಒಂದೇ. ಮಾದರಿಯನ್ನು ಸೂಕ್ಷ್ಮವಾದ ತಕ್ಕಡಿಗೆ ಜೋಡಿಸಿರುತ್ತಾರೆ. ಗಾಳಿಯು ಅದನ್ನು ಎಷ್ಟು ಮೇಲಕ್ಕೆತ್ತಿತು, ಎಷ್ಟು ಹಿಂದಕ್ಕೆಳೆಯಿತು ಎಂಬುದನ್ನು ಆ ತಕ್ಕಡಿ ತೋರುತ್ತದೆ. ರೆಕ್ಕೆಯ ಮುಂಭಾಗವನ್ನು ಸ್ವಲ್ಪ ಸ್ವಲ್ಪವಾಗಿ ಮೇಲಕ್ಕೆ ತಿರುಗಿಸುತ್ತ ಹೋದಂತೆ ಎತ್ತುವ ಬಲ ಹೆಚ್ಚುತ್ತದೆ. ಒಂದು ಮಿತಿಯನ್ನು ದಾಟಿದೊಡನೆ ಗಾಳಿಯು ರೆಕ್ಕೆಯ ಮೇಲ್ಮೈಯನ್ನು ಬಿಟ್ಟು ಸಿಡಿಯುತ್ತದೆ, ಬಲ ಥಟ್ಟನೆ ಕುಸಿಯುತ್ತದೆ. ಸುರಂಗದಲ್ಲಿ ಇದು ನೋಟುಪುಸ್ತಕದ ಒಂದು ಅಂಕೆ. ಆಕಾಶದಲ್ಲಾದರೆ ಚಾಲಕನ ಪ್ರಾಣ. ಇನ್ನು ರೆಕ್ಕೆಯ ಗಟ್ಟಿತನವನ್ನು ಪರೀಕ್ಷಿಸಲು ಮರಳಿನ ಚೀಲಗಳನ್ನು ಒಂದರ ಮೇಲೊಂದು ಹೇರಿ ಅದು ಎಷ್ಟು ಬಾಗುವುದೆಂದು ಅಳೆಯುವ ವಾಡಿಕೆ ಇದ್ದಿತು. ನೆಲದ ಮೇಲೆಯೇ ದೋಷವನ್ನು ಕಂಡುಹಿಡಿದರೆ ಆಕಾಶದಲ್ಲಿ ಅಳಬೇಕಾಗುವುದಿಲ್ಲ. ಪರೀಕ್ಷಣ ಶಾಸ್ತ್ರದ ಸಾರವೇ ಇದು.

ಈ ವಿದ್ಯೆ ಫಲಿಸಿದುದಕ್ಕೆ ಮೊದಲ ದೊಡ್ಡ ಸಾಕ್ಷಿ ಎಚ್.ಟಿ.-2 ಎಂಬ ಎರಡು ಆಸನಗಳ ತರಬೇತಿ ವಿಮಾನ. ಘಾಟಗೆಯವರ ನೇತೃತ್ವದಲ್ಲಿ ಭಾರತೀಯರೇ ರೂಪಿಸಿದ ಈ ವಿಮಾನವು 1951ರ ಆಗಸ್ಟ್ ತಿಂಗಳಿನಲ್ಲಿ ಬೆಂಗಳೂರಿನ ಆಕಾಶಕ್ಕೆ ಏರಿತು. ಇಂತಹ ನೂರೈವತ್ತಕ್ಕೂ ಹೆಚ್ಚು ವಿಮಾನಗಳು ಅಲ್ಲಿ ತಯಾರಾದವು. ಆಫ್ರಿಕದ ಘಾನಾ ದೇಶಕ್ಕೂ ಕೆಲವು ಹೋದವು. ನಮ್ಮ ದೇಶದ ಅನೇಕ ಚಾಲಕರು ಹಾರುವುದನ್ನು ಕಲಿತದ್ದು ಅದರಲ್ಲಿಯೇ. ಹನ್ನೊಂದು ವರ್ಷಗಳ ಹಿಂದೆ ನೆಟ್ಟ ಸಸಿಯು ಹೀಗೆ ಹಣ್ಣು ಬಿಟ್ಟಾಗ ವಾಲಚಂದರು ಜೀವಂತರಿದ್ದರು. ಆದರೆ ರೋಗಪೀಡಿತರಾಗಿ ಉದ್ಯಮಗಳಿಂದ ನಿವೃತ್ತರಾಗಿದ್ದರು.

ಮುಂದಿನ ಕಥೆ ಇನ್ನೂ ದೊಡ್ಡದು. ಲಾಹೋರಿನಲ್ಲಿ ಓದಿ, ಇದೇ ಕಾರ್ಖಾನೆಯಲ್ಲಿ ಒಂದು ವರ್ಷ ಕೆಲಸ ಕಲಿತು, ಅಮೇರಿಕೆಯಲ್ಲಿ ಡಾಕ್ಟರೇಟ್ ಪಡೆದು ಬಂದ ಸತೀಶ ಧವನರು 1951ರಲ್ಲಿ ವಿಜ್ಞಾನ ಸಂಸ್ಥೆಯನ್ನು ಸೇರಿದರು. ಶಬ್ದಕ್ಕಿಂತ ವೇಗವಾದ ಗಾಳಿಯನ್ನು ಹರಿಸುವ ಸುರಂಗವನ್ನು ಅವರು ಅಲ್ಲಿ ಕಟ್ಟಿದರು. ಅದರ ಬಾಯಿ ಒಂದಂಗುಲ-ಮೂರಂಗುಲದ ಅಳತೆಯದು. ಅಂಗೈಯಿಂದ ಮುಚ್ಚಬಹುದಾದಷ್ಟು ಚಿಕ್ಕದು. 1959ರಲ್ಲಿ ಅದೇ ಸಂಸ್ಥೆಯಲ್ಲಿ 14 ಅಡಿ ಅಗಲ 9 ಅಡಿ ಎತ್ತರದ ದೊಡ್ಡ ವಾಯುಸುರಂಗ ಸಿದ್ಧವಾಯಿತು. ಆ ವರ್ಷವೇ ಸ್ಥಾಪಿತವಾದ ರಾಷ್ಟ್ರೀಯ ವೈಮಾನಿಕ ಪ್ರಯೋಗಾಲಯವು ದಿಲ್ಲಿಯಿಂದ ಬೆಂಗಳೂರಿಗೆ ಬಂದು, 1967ರಲ್ಲಿ ನಾಲ್ಕು ಅಡಿಯ ಅತಿವೇಗದ ಸುರಂಗವನ್ನು ನಡೆಸತೊಡಗಿತು. ಧವನರು ಮುಂದೆ ಬಾಹ್ಯಾಕಾಶ ಸಂಸ್ಥೆಯ ಅಧ್ಯಕ್ಷರಾದರು. ರಾಮೇಶ್ವರದ ಬಡ ಮನೆಯ ಹುಡುಗ ಅಬ್ದುಲ್ ಕಲಾಮರು ಮದ್ರಾಸಿನಲ್ಲಿ ವಿಮಾನಶಾಸ್ತ್ರವನ್ನೋದಿ, ತರಬೇತಿಗಾಗಿ ಬಂದು ಯಂತ್ರಗಳನ್ನು ಬಿಚ್ಚಿ ಜೋಡಿಸಲು ಕಲಿತದ್ದು ವಾಲಚಂದರು ಹುಟ್ಟುಹಾಕಿದ ಕಾರ್ಖಾನೆಯಲ್ಲಿಯೇ. 1964ರಲ್ಲಿ ಆ ಕಾರ್ಖಾನೆ ಹಿಂದೂಸ್ಥಾನ ಏರೋನಾಟಿಕ್ಸ್ ಎಂಬ ಹೆಸರನ್ನು ತಾಳಿತು.

ವಾಲಚಂದರ ಉಳಿದ ಕಾರ್ಯಗಳನ್ನು ಸಂಕ್ಷೇಪವಾಗಿ ಹೇಳುತ್ತೇವೆ. 1941ರಲ್ಲಿ ಬಾಬು ರಾಜೇಂದ್ರಪ್ರಸಾದರು ವಿಶಾಖಪಟ್ಟಣದಲ್ಲಿ ಅವರ ಹಡಗುಕಟ್ಟೆಗೆ ಅಡಿಗಲ್ಲನ್ನಿಟ್ಟರು. 1948ರಲ್ಲಿ ಪಂಡಿತ ನೆಹರೂ ಅವರು ಅಲ್ಲಿ ತಯಾರಾದ ಜಲ ಉಷಾ ಎಂಬ ಹಡಗನ್ನು ನೀರಿಗಿಳಿಸಿದರು. 1944ರಲ್ಲಿ ಪ್ರೀಮಿಯರ್ ಮೋಟಾರು ಕಾರ್ಖಾನೆ ಸ್ಥಾಪಿತವಾಯಿತು. ಇಂದಾಪುರದ ಕಡೆಯ ಬರಡು ಭೂಮಿಯಲ್ಲಿ ಕಬ್ಬನ್ನು ಬೆಳೆಸಿ ವಾಲಚಂದನಗರವೆಂಬ ಊರನ್ನೇ ನಿರ್ಮಿಸಿದರು. ಸಕ್ಕರೆಯಿಂದ ಆರಂಭವಾದ ಆ ಊರಿನ ಯಂತ್ರಶಾಲೆಯು ಅವರ ಕಾಲಾನಂತರ ನಮ್ಮ ಉಪಗ್ರಹ ವಾಹನಗಳ ಹೊರಕವಚಗಳನ್ನು ತಯಾರಿಸಿತು. ವಿಮಾನವು ಅವರ ಕೈಬಿಟ್ಟರೂ ಆಕಾಶವು ಅವರ ಹೆಸರನ್ನು ಬಿಡಲಿಲ್ಲವೆನ್ನಬೇಕು. 1949ರಲ್ಲಿ ಪಾರ್ಶ್ವವಾಯು ಬಡಿಯಿತು. ಪತ್ನಿ ಕಸ್ತೂರಬಾಯಿಯವರ ಶುಶ್ರೂಷೆಯಲ್ಲಿದ್ದು 1953ನೆಯ ಇಸವಿ ಏಪ್ರಿಲ್ 8ರಂದು ಗುಜರಾತದ ಸಿದ್ಧಪುರದಲ್ಲಿ ದೇಹವಿಟ್ಟರು. ಸಾಂಗಲಿಯ ಇಂಜಿನಿಯರಿಂಗ್ ಕಾಲೇಜಿಗೆ 1955ರಲ್ಲಿ ಅವರ ಹೆಸರನ್ನಿಡಲಾಯಿತು. ನಮ್ಮ ಸೊಲ್ಲಾಪುರದಲ್ಲಿ 1983ರಲ್ಲಿ ವಾಲಚಂದ ತಾಂತ್ರಿಕ ವಿದ್ಯಾಲಯವು ಆರಂಭವಾಯಿತು. ಪದವಿಯಿಲ್ಲದೆ ಕಾಲೇಜನ್ನು ಬಿಟ್ಟವರ ಹೆಸರಿನಲ್ಲಿ ಇಂದು ಸಹಸ್ರಾರು ತರುಣರು ಪದವಿಯನ್ನು ಪಡೆಯುತ್ತಿದ್ದಾರೆ.

ವಾಲಚಂದರು ವಿಜ್ಞಾನಿಗಳಲ್ಲ, ರೆಕ್ಕೆಯ ಗಣಿತವನ್ನು ಅವರು ಬರೆದವರಲ್ಲ. ಲಾಭದ ದೃಷ್ಟಿಯೂ ಅವರಿಗೆ ಇದ್ದೇ ಇದ್ದಿತು. ಆದರೆ ಬಲ್ಲವರಿಗೆ ಬಲ್ಲದ್ದನ್ನು ಮಾಡಿ ನೋಡುವ ನೆಲೆಯನ್ನು ಒದಗಿಸುವವರು ಇಲ್ಲದಿದ್ದರೆ ವಿದ್ಯೆ ಗ್ರಂಥದಲ್ಲಿಯೇ ಉಳಿಯುತ್ತದೆ. ಗಾಟಿಂಗೆನ್ನಿನ ಡಾಕ್ಟರೇಟ್ ಬೆಂಗಳೂರಿನಲ್ಲಿ ವಿಮಾನವಾಗಬೇಕಾದರೆ ಕಾರ್ಖಾನೆಯೊಂದು ಬೇಕಾಗಿದ್ದಿತು.

ಗಡಿಯಲ್ಲಿರುವ ನಮಗೆ ಈ ಚರಿತ್ರೆಯು ಹೇಳುವ ಮಾತೊಂದಿದೆ. ಕನ್ನಡ ಶಾಲೆಗೆ ಹಾಕಿದರೆ ಮಗುವಿನ ಭವಿಷ್ಯವೇನೆಂದು ಕೇಳುವ ತಂದೆತಾಯಿಗಳು ಸೊಲ್ಲಾಪುರ, ಅಕ್ಕಲಕೋಟೆಗಳಲ್ಲಿ ಅನೇಕರಿದ್ದಾರೆ. ಅವರ ಕಳವಳವನ್ನು ನಾವು ಹಗುರವಾಗಿ ಎಣಿಸುವುದಿಲ್ಲ. ಇಂಗ್ಲಿಷ್ ಮುಂದೆ ಬೇಕಾಗುವುದು ನಿಜ. ಅದನ್ನು ಶ್ರದ್ಧೆಯಿಂದ ಕಲಿಯಲಿ. ಆದರೆ ಹೊಟ್ಟು ಏಕೆ ಹಾರಿತು, ಕಾಳು ಏಕೆ ಬಿದ್ದಿತು ಎಂಬ ಪ್ರಶ್ನೆಯು ಮಗುವಿನಲ್ಲಿ ಮೊದಲು ಮೂಡುವುದು ತಾಯಿಯ ಮಾತಿನಲ್ಲಿಯೇ. ಆ ಪ್ರಶ್ನೆಯನ್ನು ಗದರಿಸಿ ಅಡಗಿಸದಿರುವುದು ನಮ್ಮ ಮನೆಗಳ ಕರ್ತವ್ಯ. ಅದಕ್ಕೆ ಅಳತೆಗೋಲನ್ನೂ ತಕ್ಕಡಿಯನ್ನೂ ಒದಗಿಸುವುದು ನಮ್ಮ ಶಾಲೆಗಳ ಕರ್ತವ್ಯ. ಹಸೂರಚಂಪುವಿನಂತಹ ಹಳ್ಳಿಯಿಂದ ಹೊರಟವರು ದೇಶಕ್ಕೆ ವಿಮಾನವನ್ನು ಕೊಟ್ಟಿರುವಾಗ ನಮ್ಮ ಹಳ್ಳಿಗಳ ಮಕ್ಕಳಿಗೆ ಆ ದಾರಿ ಮುಚ್ಚಿಲ್ಲ. ಸೇಠ ವಾಲಚಂದರಂತೆ ನೆಲೆಯನ್ನು ಕಟ್ಟುವವರೂ ಘಾಟಗೆಯವರಂತೆ ಅದರಲ್ಲಿ ವಿದ್ಯೆಯನ್ನು ಬಿತ್ತುವವರೂ ಈ ಸೀಮೆಯಲ್ಲಿ ಮತ್ತೆ ಮತ್ತೆ ಹುಟ್ಟಿಬರಲೆಂದು ಹಾರೈಸುತ್ತೇವೆ.