ವಿಷದ ಧೂಳಿನ ಜಾಡು ಹಿಡಿದ ವೈದ್ಯೆ: ಆಲಿಸ್ ಹ್ಯಾಮಿಲ್ಟನ್ ಬದುಕಿನ ಕಥೆ

ಬಾತ್‌ಟಬ್‌ನ ಬಿಳಿ ಹೊಳಪಿಗೂ, ಎರಡೂ ಕೈಗಳ ಮಣಿಕಟ್ಟು ಜೋತುಬಿದ್ದು ಆಸ್ಪತ್ರೆ ಸೇರಿದ ಕಾರ್ಮಿಕನಿಗೂ ಏನು ಸಂಬಂಧ? ಸುಮಾರು 1910ರಲ್ಲಿ ಅಮೆರಿಕದ ಶಿಕಾಗೊ ನಗರದಲ್ಲಿ ಈ ಪ್ರಶ್ನೆ ಹಿಡಿದು ಹೊರಟವರು ಡಾ. ಆಲಿಸ್ ಹ್ಯಾಮಿಲ್ಟನ್. ರಾಸಾಯನಿಕ ಪುಡಿ ಬಳಸುವ ಕಾರ್ಖಾನೆಗಳಲ್ಲಿ ಇಂದು ಎಕ್ಸಾಸ್ಟ್ ಫ್ಯಾನ್, ಮಾಸ್ಕ್, ಕೆಲಸಕ್ಕೇ ಬೇರೆ ಬಟ್ಟೆ, ನಿಗದಿತ ಆರೋಗ್ಯ ತಪಾಸಣೆ ಇವೆಲ್ಲ ಮಾಮೂಲಿ ನಿಯಮಗಳು. ಅಮೆರಿಕದಲ್ಲಿ ಇವು ಜಾರಿಗೆ ಬಂದಿದ್ದರ ಹಿಂದೆ ಈ ವೈದ್ಯೆಯ ದಶಕಗಳ ಓಡಾಟವಿದೆ.

ಆಲಿಸ್ ಹುಟ್ಟಿದ್ದು 1869ರ ಫೆಬ್ರವರಿ 27ರಂದು, ನ್ಯೂಯಾರ್ಕ್‌ನಲ್ಲಿ. ಬೆಳೆದಿದ್ದು ಇಂಡಿಯಾನಾ ರಾಜ್ಯದ ಫೋರ್ಟ್ ವೇಯ್ನ್‌ನಲ್ಲಿ. ನಾಲ್ವರು ಅಕ್ಕತಂಗಿಯರಲ್ಲಿ ಎರಡನೆಯವರು. ಗ್ರೀಕ್ ಪುರಾಣಗಳ ಬಗ್ಗೆ ಬರೆದು ಹೆಸರಾದ ಎಡಿತ್ ಹ್ಯಾಮಿಲ್ಟನ್ ಇವರ ಅಕ್ಕ. ಅನುಕೂಲಸ್ಥ ಮನೆತನವೇನೋ ಹೌದು, ಆದರೆ ತಂದೆಯ ದಿನಸಿ ವ್ಯಾಪಾರ ಮುಳುಗಿತು. ಹೆಣ್ಣುಮಕ್ಕಳು ತಮ್ಮ ದುಡಿಮೆಯನ್ನು ತಾವೇ ಹುಡುಕಿಕೊಳ್ಳಬೇಕಾಯಿತು. ಆಲಿಸ್ ವೈದ್ಯಕೀಯ ಆರಿಸಿಕೊಂಡರು. 1893ರಲ್ಲಿ ಮಿಷಿಗನ್ ವಿಶ್ವವಿದ್ಯಾಲಯದಿಂದ ಪದವಿ ಪಡೆದು, ಅಕ್ಕ ಎಡಿತ್ ಜತೆ ಜರ್ಮನಿಗೆ ಹೋದರು. ಅಲ್ಲಿನ ವಿಶ್ವವಿದ್ಯಾಲಯಗಳಿಗೆ ಹೆಣ್ಣುಮಕ್ಕಳೆಂದರೆ ಅಷ್ಟಕ್ಕಷ್ಟೆ. ಯಾರ ಕಣ್ಣಿಗೂ ಬೀಳದಂತೆ ಕೂತು ಪಾಠ ಕೇಳಬೇಕೆಂಬ ಷರತ್ತಿನ ಮೇಲೆ ಒಳಗೆ ಬಿಟ್ಟರು.

1897ರಲ್ಲಿ ಶಿಕಾಗೊದ ಮಹಿಳಾ ವೈದ್ಯಕೀಯ ಕಾಲೇಜೊಂದರಲ್ಲಿ ರೋಗಶಾಸ್ತ್ರದ ಅಧ್ಯಾಪಕಿಯಾಗಿ ಕೆಲಸ ಸಿಕ್ಕಿತು. ವಾಸಕ್ಕೆ ಅವರು ಆರಿಸಿಕೊಂಡಿದ್ದು ಹಲ್ ಹೌಸ್. ಮುಂದೆ ನೊಬೆಲ್ ಶಾಂತಿ ಪ್ರಶಸ್ತಿ ಪಡೆದ ಜೇನ್ ಆಡಮ್ಸ್, ವಲಸೆ ಕಾರ್ಮಿಕರ ಬಡಾವಣೆಯ ನಡುವೆ ಕಟ್ಟಿದ ಸೇವಾ ಕೇಂದ್ರವದು. ಇಟಲಿ, ಪೋಲೆಂಡ್, ಗ್ರೀಸ್, ರಷ್ಯಾದಿಂದ ಬಂದು, ಇಂಗ್ಲಿಷ್ ಬಾರದೆ, ಸಿಕ್ಕ ಕೆಲಸಕ್ಕೆ ಸೇರಿಕೊಂಡವರ ಕೇರಿ. ಊರು ಬಿಟ್ಟು ಮುಂಬೈಯ ಗಿರಣಿಗಳಿಗೆ ಬಂದವರ ಕಥೆ ಗೊತ್ತಿದ್ದವರಿಗೆ ಈ ಚಿತ್ರ ಹೊಸದೇನಲ್ಲ. ಆಲಿಸ್ ಅಲ್ಲಿ ಶಿಶು ಆರೋಗ್ಯ ಕ್ಲಿನಿಕ್ ನಡೆಸಿದರು. ಮಕ್ಕಳನ್ನು ಕರೆತಂದ ತಾಯಂದಿರಿಂದ ಗಂಡಂದಿರ ಕಾಯಿಲೆಗಳ ಕಥೆ ಕಿವಿಗೆ ಬೀಳತೊಡಗಿತು. ಮೂವತ್ತು ದಾಟಿದ ಗಟ್ಟಿಮುಟ್ಟಾದ ಗಂಡಸರು ಒಂದೆರಡು ವರ್ಷ ಕೆಲಸ ಮಾಡುವಷ್ಟರಲ್ಲಿ ಮೂಲೆ ಸೇರುತ್ತಿದ್ದರು. ಕಾರಣ ಯಾರಿಗೂ ಬೇಕಿರಲಿಲ್ಲ.

ಇಲ್ಲೊಂದು ಮಾತು ಹೇಳಲೇಬೇಕು. 1902ರಲ್ಲಿ ಶಿಕಾಗೊದಲ್ಲಿ ಟೈಫಾಯ್ಡ್ ಹರಡಿದಾಗ, ಅದಕ್ಕೆ ನೊಣಗಳು ಕಾರಣವೆಂದು ಆಲಿಸ್ ಪ್ರಬಂಧ ಬರೆದು ಭಾರಿ ಹೊಗಳಿಕೆ ಪಡೆದಿದ್ದರು. ಒಡೆದ ಕೊಳವೆಯಿಂದ ಚರಂಡಿ ನೀರು ಕುಡಿಯುವ ನೀರಿಗೆ ಸೇರಿತ್ತು, ಅಧಿಕಾರಿಗಳು ಅದನ್ನು ಮುಚ್ಚಿಟ್ಟಿದ್ದರು ಎಂಬುದು ಆಮೇಲೆ ತಿಳಿಯಿತು. ಆ ಹೊಗಳಿಕೆಯ ಕಹಿ ಅವರಿಗೆ ಜೀವನವಿಡೀ ಉಳಿಯಿತು. ಮುಂದೆ ಪ್ರತಿ ಪ್ರಕರಣದಲ್ಲೂ ಆಸ್ಪತ್ರೆಯ ದಾಖಲೆ, ರೋಗಿಯ ಮನೆ, ಕೆಲಸದ ಜಾಗ ಎಲ್ಲವನ್ನೂ ಕಣ್ಣಾರೆ ನೋಡದೆ ಅವರು ಬಾಯಿ ಬಿಡುತ್ತಿರಲಿಲ್ಲ.

ಟಬ್‌ನ ರಹಸ್ಯ

1907ರ ಸುಮಾರಿಗೆ ಬ್ರಿಟಿಷ್ ವೈದ್ಯ ಥಾಮಸ್ ಆಲಿವರ್ ಅವರ, ಅಪಾಯಕಾರಿ ಉದ್ಯೋಗಗಳ ಕುರಿತ ಪುಸ್ತಕ ಆಲಿಸ್ ಕೈಗೆ ಬಂತು. ಯುರೋಪಿನಲ್ಲಿ ಈ ಬಗ್ಗೆ ಕಾನೂನುಗಳೇ ಇದ್ದವು. ಅಮೆರಿಕದ ವೈದ್ಯಕೀಯ ಗ್ರಂಥಗಳಲ್ಲಿ ಹುಡುಕಿದರೆ ಏನೂ ಸಿಗಲಿಲ್ಲ. ತಮ್ಮ ಕಾರ್ಖಾನೆಗಳು ಯುರೋಪಿಗಿಂತ ಎಷ್ಟೋ ಚೆನ್ನಾಗಿವೆ, ಹಾಗಾಗಿ ರೋಗವೇ ಇಲ್ಲ ಎಂಬುದು ಅಲ್ಲಿನವರ ನಂಬಿಕೆ. ಇಲಿನಾಯ್ ರಾಜ್ಯ ಸರ್ಕಾರ ಔದ್ಯೋಗಿಕ ರೋಗಗಳ ಆಯೋಗ ರಚಿಸಿದಾಗ ಆಲಿಸ್ ಅದರಲ್ಲಿದ್ದರು. 1910ರ ಸಮೀಕ್ಷೆಯ ಹೊಣೆಯೂ ಅವರದೇ ಆಯಿತು. ತಮ್ಮ ಪಾಲಿಗೆ ಅವರು ತೆಗೆದುಕೊಂಡಿದ್ದು ಸೀಸ.

ಸಮೀಕ್ಷೆಗೆ ಯಾವ ಅಧಿಕಾರವೂ ಇರಲಿಲ್ಲ. ಸೀಸ ಎಲ್ಲೆಲ್ಲಿ ಬಳಕೆಯಾಗುತ್ತದೆ ಎಂಬ ಪಟ್ಟಿಯೂ ಇರಲಿಲ್ಲ. ಆಸ್ಪತ್ರೆಯೊಂದರಲ್ಲಿ ಪೋಲೆಂಡ್ ಮೂಲದ ಕಾರ್ಮಿಕನೊಬ್ಬ ಹೊಟ್ಟೆ ನುಲಿಯುವ ನೋವು, ಎರಡೂ ಕೈಗಳ ಪಾರ್ಶ್ವವಾಯುವಿನಿಂದ ಮಲಗಿದ್ದ. ಎರಡೂ ಸೀಸದ ವಿಷದ ಲಕ್ಷಣಗಳು. ಅವನ ಕೆಲಸ ಬಾತ್‌ಟಬ್‌ಗೆ ಎನಾಮಲ್ ಹಾಕುವುದು. ಆಲಿಸ್ ಕಂಪನಿಗೆ ಹೋದರೆ, ಅಲ್ಲಿ ಅಪಾಯ ಎನ್ನುವಂಥದ್ದೇನೂ ಕಾಣಲಿಲ್ಲ. ಆ ಕಾರ್ಮಿಕನನ್ನೇ ಮತ್ತೆ ವಿಚಾರಿಸಿದರು. ನಿಜವಾದ ಎನಾಮಲ್ ಕೆಲಸ ಬೇರೆಡೆ ನಡೆಯುತ್ತಿದೆ ಎಂದು ಆಗ ಗೊತ್ತಾಯಿತು.

ಅಲ್ಲಿ ಕಂಡಿದ್ದು ಹೀಗಿತ್ತು. ಕಬ್ಬಿಣದ ಟಬ್ಬನ್ನು ಕುಲುಮೆಯಲ್ಲಿ ಕೆಂಪಗೆ ಕಾಯಿಸಿ ಹೊರಗೆಳೆಯುತ್ತಾರೆ. ಉದ್ದ ಹಿಡಿಯ ಜರಡಿಯಿಂದ ನುಣ್ಣಗೆ ಅರೆದ ಎನಾಮಲ್ ಪುಡಿಯನ್ನು ಅದರ ಮೇಲೆ ಉದುರಿಸುತ್ತಾರೆ. ಪುಡಿ ಕರಗಿ ಲೇಪನವಾಗುತ್ತದೆ. ಮತ್ತೆ ಕುಲುಮೆ, ಮತ್ತೆ ಪುಡಿ. ಹೀಗೆ ಹಲವು ಸುತ್ತು. ಪುಡಿಯಲ್ಲಿ ಸೀಸದ ಆಕ್ಸೈಡ್ ಬೆರೆತಿರುತ್ತದೆ. ಟಬ್ಬಿನ ಮೇಲೆ ಬೀಳದ ಪುಡಿಯೆಲ್ಲ ಗಾಳಿಯಲ್ಲಿ ತೇಲುತ್ತದೆ. ಬೆಂಕಿಯ ಮುಂದೆ ಏದುಸಿರು ಬಿಡುತ್ತ ದುಡಿಯುವ ಮನುಷ್ಯ ಅದನ್ನೇ ಉಸಿರಾಡುತ್ತಾನೆ. ಊಟದ ಡಬ್ಬಿಯೂ ಅಲ್ಲೇ ಪಕ್ಕದಲ್ಲಿರುತ್ತದೆ.

ಇಲಿನಾಯ್ ಒಂದರಲ್ಲೇ ಸೀಸದ ವಿಷ ತಗಲುವ 70ಕ್ಕೂ ಹೆಚ್ಚು ಬಗೆಯ ಕೆಲಸಗಳನ್ನು ಆಲಿಸ್ ಮತ್ತು ಅವರ ತಂಡ ಗುರುತಿಸಿತು. ರಾಜ್ಯ 1911ರಲ್ಲಿ ಕಾನೂನು ತಂದಿತು. ಸೀಸ, ಆರ್ಸೆನಿಕ್‌ನಂಥ ವಿಷದ ಪುಡಿಗಳ ಕೆಲಸದವರಿಗೆ ತಿಂಗಳಿಗೊಮ್ಮೆ ವೈದ್ಯರ ತಪಾಸಣೆ ಕಡ್ಡಾಯವಾಯಿತು.

ಉಗುರಿನ ಕೊಳೆಯೋ, ಗಾಳಿಯ ಧೂಳೋ?

1910ರಲ್ಲೇ ಬ್ರಸೆಲ್ಸ್‌ನ ಅಂತಾರಾಷ್ಟ್ರೀಯ ಸಮ್ಮೇಳನದಲ್ಲಿ ಆಲಿಸ್ ಸೀಸದ ಬಗ್ಗೆ ಪ್ರಬಂಧ ಮಂಡಿಸಿದರು. ಅಮೆರಿಕದಲ್ಲಿ ಎಷ್ಟು ಜನರಿಗೆ ವಿಷ ತಗಲಿದೆ, ಕಾನೂನು ಏನಿದೆ ಎಂದು ಯುರೋಪಿನ ತಜ್ಞರು ಕೇಳಿದರು. ಉತ್ತರ ಇರಲಿಲ್ಲ. ಸಭೆಯಲ್ಲಿದ್ದ ಅಮೆರಿಕದ ಕಾರ್ಮಿಕ ಆಯುಕ್ತ ಚಾರ್ಲ್ಸ್ ನೀಲ್ ಅವರಿಗೆ ಇದು ನಾಟಿತು. ದೇಶವ್ಯಾಪಿ ತನಿಖೆ ನಡೆಸುವಂತೆ ಆಲಿಸ್ ಅವರನ್ನೇ ಕೇಳಿಕೊಂಡರು. ಮೊದಲ ಗುರಿ, ಬಣ್ಣಕ್ಕೆ ಬಳಸುವ ಬಿಳಿ ಸೀಸದ ಕಾರ್ಖಾನೆಗಳು.

ಸೀಸದ ತುಂಡುಗಳನ್ನು ಆಮ್ಲದ ಹಬೆಯಲ್ಲಿ ತಿಂಗಳುಗಟ್ಟಲೆ ಇಟ್ಟು, ಬಿಳಿ ಪುಡಿಯಾಗಿಸಿ, ತೊಳೆದು, ಒಣಗಿಸಿ, ಪೀಪಾಯಿಗೆ ತುಂಬುವುದು ಅಲ್ಲಿನ ಕೆಲಸ. ಒಣಗಿದ ಪುಡಿಯನ್ನು ಗೋರಿ ಎತ್ತುವಾಗ, ಪೀಪಾಯಿಗೆ ಸುರಿಯುವಾಗ, ಪೊರಕೆ ಹಿಡಿದು ನೆಲ ಗುಡಿಸುವಾಗ ಏಳುವ ಧೂಳೇ ಯಮ. ಆದರೆ ಮಾಲೀಕರ ವಾದ ಬೇರೆಯಿತ್ತು. ಕಾರ್ಮಿಕರು ಕೈ ತೊಳೆಯದೆ ಉಣ್ಣುತ್ತಾರೆ, ಉಗುರಲ್ಲಿ ಕೊಳೆ ಇಟ್ಟುಕೊಳ್ಳುತ್ತಾರೆ, ಕುಡಿಯುತ್ತಾರೆ, ಅದಕ್ಕೇ ರೋಗ ಎಂಬುದು ಅವರ ಲೆಕ್ಕ. ಅನೇಕ ವೈದ್ಯರೂ ಇದನ್ನೇ ನಂಬಿದ್ದರು. ತಪ್ಪೆಲ್ಲ ದುಡಿಯುವವನದು ಎನ್ನುವ ಈ ವಾದ ಇಂದಿಗೂ ಸತ್ತಿಲ್ಲ ಬಿಡಿ.

ಆಲಿಸ್ ಇದನ್ನು ಬುಡದಿಂದ ಅಲುಗಾಡಿಸಿದರು. ಕೈ ತೊಳೆಯುವುದು ಬೇಕು. ಆದರೆ ಅಪಾಯದ ದೊಡ್ಡ ಪಾಲು ಇರುವುದು ಉಸಿರಾಡುವ ಗಾಳಿಯಲ್ಲಿ. ಎಷ್ಟೇ ಶುಚಿಯಾದ ಮನುಷ್ಯನೂ ಉಸಿರು ಕಟ್ಟಿ ದುಡಿಯಲಾರ. ಹಾಗಾಗಿ ಧೂಳು ಏಳದಂತೆ ಮಾಡುವುದು ಮಾಲೀಕನ ಹೊಣೆ ಎಂಬುದು ಅವರ ನಿಲುವು. ಪುಡಿಯನ್ನು ಒದ್ದೆಯಾಗಿಯೇ ಕೆಲಸಕ್ಕೆ ಬಳಸಿ, ಒಣ ಪೊರಕೆ ಹಾಕಬೇಡಿ, ಧೂಳು ಏಳುವ ಜಾಗಕ್ಕೆ ಮುಚ್ಚಳ ಕಟ್ಟಿ ಅಲ್ಲಿಂದಲೇ ಹೀರಿ ತೆಗೆಯಿರಿ ಎಂಬುದು ಮೊದಲ ಪಾಠ. ಮೈ ತೊಳೆಯಲು ಬಿಸಿನೀರು, ಊಟಕ್ಕೆ ಬೇರೆ ಕೋಣೆ, ಕಾರ್ಖಾನೆಯಲ್ಲೇ ಬಿಟ್ಟುಹೋಗುವ ಬಟ್ಟೆ ಆಮೇಲಿನ ಮಾತು. ಇಂದಿನ ಸುರಕ್ಷತಾ ತರಬೇತಿಗಳಲ್ಲೂ ಕ್ರಮ ಇದೇ. ಮೊದಲು ಧೂಳನ್ನು ಹುಟ್ಟುವಲ್ಲೇ ತಡೆಯಬೇಕು, ಮಾಸ್ಕ್ ಕೊನೆಯ ಅಸ್ತ್ರ.

ಅವರ ತನಿಖೆಯ ರೀತಿಯೂ ವಿಶಿಷ್ಟ. ಬಲವಂತವಾಗಿ ಒಳಹೋಗುವ ಹಕ್ಕಿಲ್ಲದ್ದರಿಂದ ಮಾಲೀಕರನ್ನು ನಯವಾಗಿ ಒಪ್ಪಿಸಿ ಒಳಹೋಗುತ್ತಿದ್ದರು. ಉದ್ದ ಲಂಗ ತೊಟ್ಟು ಏಣಿ ಹತ್ತಿ, ಕುಲುಮೆ ಸುತ್ತಿ ಬರುತ್ತಿದ್ದರು. ಆಮೇಲೆ ಪಾದ್ರಿ, ಔಷಧ ಅಂಗಡಿಯವನು, ಹೆಂಡದಂಗಡಿಯವನು, ಕಾರ್ಮಿಕರ ಹೆಂಡಂದಿರು ಹೀಗೆ ಸುಳಿವು ಸಿಗುವ ಕಡೆಯೆಲ್ಲ ಸುತ್ತಾಟ. ವಸಡಿನ ಮೇಲಿನ ನೀಲಿ ಗೆರೆ, ಬಿಳಿಚಿದ ಮುಖ, ಎತ್ತಲಾಗದ ಮಣಿಕಟ್ಟು ಅವರ ಕಣ್ಣಿಗೆ ಬೇಗ ಬೀಳುತ್ತಿದ್ದವು.

ನ್ಯಾಷನಲ್ ಲೆಡ್ ಕಂಪನಿಯ ಎಡ್ವರ್ಡ್ ಕಾರ್ನಿಶ್ ಅವರ ಪ್ರಸಂಗ ಇಲ್ಲಿ ಹೇಳಬೇಕಾದ್ದು. ತಮ್ಮ ಕಾರ್ಮಿಕರಿಗೆ ವಿಷ ತಗಲಿದೆ ಎಂಬ ಮಾತನ್ನು ಅವರು ನಂಬಲಿಲ್ಲ. ಸಾಬೀತು ಮಾಡಿದರೆ ಹೇಳಿದ್ದೆಲ್ಲ ಮಾಡುವುದಾಗಿ ಮಾತು ಕೊಟ್ಟರು. ಆಲಿಸ್ ಆಸ್ಪತ್ರೆಗಳ ದಾಖಲೆ ಜಾಲಾಡಿ, ಅವರದೇ ಕಾರ್ಖಾನೆಯ 22 ಗಂಭೀರ ಪ್ರಕರಣಗಳನ್ನು ಮುಂದಿಟ್ಟರು. ಕಾರ್ನಿಶ್ ಕೊಟ್ಟ ಮಾತಿಗೆ ತಪ್ಪಲಿಲ್ಲ. ಧೂಳು ಹೀರುವ ವ್ಯವಸ್ಥೆ ಬಂತು, ಕಂಪನಿಗೆ ವೈದ್ಯರು ಬಂದರು. ಎಲ್ಲ ಮಾಲೀಕರೂ ಹೀಗಿರಲಿಲ್ಲ ಎನ್ನುವುದನ್ನು ಬಿಡಿಸಿ ಹೇಳಬೇಕಿಲ್ಲ.

ಹಳದಿ ಮನುಷ್ಯರು

ಮೊದಲ ಮಹಾಯುದ್ಧ ಬಂದಾಗ ಅಮೆರಿಕದಲ್ಲಿ ಸ್ಫೋಟಕ ಕಾರ್ಖಾನೆಗಳು ರಾತ್ರೋರಾತ್ರಿ ಎದ್ದವು. ಪಿಕ್ರಿಕ್ ಆಮ್ಲ, ಟಿಎನ್‌ಟಿ ಎರಡೂ ಹಳದಿ ಪುಡಿಗಳು. ಎಲ್ಲಿ ಏನು ತಯಾರಾಗುತ್ತಿದೆ ಎಂಬುದರ ಪೂರ್ಣ ಪಟ್ಟಿ ಸರ್ಕಾರದ ಬಳಿಯೂ ಇರಲಿಲ್ಲ. ಆಲಿಸ್ ಎರಡು ಗುರುತು ಹಿಡಿದು ಹೊರಟರು. ಒಂದು, ಆಕಾಶಕ್ಕೇಳುವ ಕಿತ್ತಳೆ ಬಣ್ಣದ ನೈಟ್ರಸ್ ಹೊಗೆ. ಇನ್ನೊಂದು, ಕೂದಲು, ಮುಖ, ಕೈಯೆಲ್ಲ ಹಳದಿಯಾಗಿ ಬೀದಿಯಲ್ಲಿ ಕಾಣಸಿಗುವ ಕಾರ್ಮಿಕರು. ಜನ ಅವರಿಗೆ ಕ್ಯಾನರಿ ಹಕ್ಕಿಯ ಹೆಸರಿಟ್ಟಿದ್ದರು.

ಸ್ಫೋಟವಾಗಿ ಸತ್ತರೆ ಪತ್ರಿಕೆಯಲ್ಲಿ ಬರುತ್ತಿತ್ತು. ವಿಷವೇರಿ ಸತ್ತರೆ ಸುದ್ದಿಯಿಲ್ಲ. ಅವರ 1917ರ ವರದಿಯಲ್ಲಿ 2 ಸಾವಿರಕ್ಕೂ ಹೆಚ್ಚು ವಿಷಬಾಧೆ ಪ್ರಕರಣಗಳು, 50ಕ್ಕೂ ಹೆಚ್ಚು ಸಾವುಗಳು ದಾಖಲಾದವು. ಅದರಲ್ಲಿ ಎದ್ದು ಕಂಡ ಕೊಲೆಗಾರ ನೈಟ್ರಸ್ ಹೊಗೆ. ಹೊಗೆ ಕುಡಿದವನು ಕೆಮ್ಮಿ, ಸ್ವಲ್ಪ ಹೊತ್ತಿನಲ್ಲಿ ಸುಧಾರಿಸಿಕೊಂಡು, ಏನೂ ಆಗಿಲ್ಲವೆಂದು ಮನೆಗೆ ನಡೆಯುತ್ತಾನೆ. ಕೆಲವು ಗಂಟೆಗಳ ಬಳಿಕ ಶ್ವಾಸಕೋಶದಲ್ಲಿ ನೀರು ತುಂಬಿ ಉಸಿರುಗಟ್ಟುತ್ತದೆ. ಇಂಥ ಹೊಗೆ ಕುಡಿದವರು ಚೆನ್ನಾಗಿದ್ದೇನೆ ಎಂದರೂ ಮನೆಗೆ ಕಳಿಸದೆ, ಓಡಾಡಲು ಬಿಡದೆ, ವೈದ್ಯರ ಕಣ್ಗಾವಲಿನಲ್ಲಿಡಬೇಕು ಎಂಬ ನಿಯಮಕ್ಕೆ ಇದೇ ಕಾರಣ. ಟಿಎನ್‌ಟಿಯದು ಬೇರೆ ದಾರಿ. ಅದು ಬೆವೆತ ಚರ್ಮದ ಮೂಲಕವೂ ಒಳಗಿಳಿದು ಯಕೃತ್ತನ್ನು, ರಕ್ತವನ್ನು ಕೆಡಿಸುತ್ತದೆ. ಹಾಗಾಗಿ ಅಲ್ಲಿ ಮಾಸ್ಕ್ ಒಂದೇ ಸಾಲದು. ಪಾಳಿ ಮುಗಿದ ಮೇಲೆ ಸ್ನಾನ, ಒಗೆದ ಬಟ್ಟೆ ಎರಡೂ ಜೀವ ಉಳಿಸುವ ಸಂಗತಿಗಳು.

ಯುದ್ಧವನ್ನೇ ವಿರೋಧಿಸುತ್ತಿದ್ದ ಆಲಿಸ್, 1915ರಲ್ಲಿ ಜೇನ್ ಆಡಮ್ಸ್ ಜತೆ ಹೇಗ್‌ನ ಮಹಿಳಾ ಶಾಂತಿ ಸಮ್ಮೇಳನಕ್ಕೆ ಹೋಗಿಬಂದಿದ್ದರು. ಬಾಂಬ್ ತಯಾರಿಸುವವರ ಜೀವ ಉಳಿಸುವ ಕೆಲಸ ಅವರ ಪಾಲಿಗೇ ಬಂದಿತು.

ಹಾರ್ವರ್ಡ್ ಹಾಕಿದ ಷರತ್ತು

1919ರಲ್ಲಿ ಹಾರ್ವರ್ಡ್ ವಿಶ್ವವಿದ್ಯಾಲಯ ಔದ್ಯೋಗಿಕ ವೈದ್ಯಕೀಯಕ್ಕೆ ಅಧ್ಯಾಪಕರನ್ನು ಹುಡುಕಿತು. ಆ ವಿಷಯದಲ್ಲಿ ಅಮೆರಿಕದಲ್ಲಿ ಆಲಿಸ್‌ಗೆ ಸಾಟಿಯಾದವರು ಇರಲಿಲ್ಲ. ಹೀಗೆ ಹಾರ್ವರ್ಡ್‌ನ ಮೊದಲ ಮಹಿಳಾ ಅಧ್ಯಾಪಕಿ ಎನಿಸಿದರು. ಆದರೆ ಅಧ್ಯಾಪಕರ ಕ್ಲಬ್ಬಿಗೆ ಕಾಲಿಡುವಂತಿಲ್ಲ, ಫುಟ್‌ಬಾಲ್ ಪಂದ್ಯದ ಟಿಕೆಟ್ ಕೇಳುವಂತಿಲ್ಲ, ಘಟಿಕೋತ್ಸವದ ಮೆರವಣಿಗೆಯಲ್ಲಿ ನಡೆಯುವಂತಿಲ್ಲ. ಆ ವೈದ್ಯಕೀಯ ಕಾಲೇಜು ವಿದ್ಯಾರ್ಥಿನಿಯರನ್ನು ಸೇರಿಸಿಕೊಂಡಿದ್ದು 1945ರಲ್ಲಿ. 1935ರಲ್ಲಿ ನಿವೃತ್ತರಾಗುವವರೆಗೂ ಆಲಿಸ್ ಸಹಾಯಕ ಪ್ರಾಧ್ಯಾಪಕಿಯಾಗಿಯೇ ಉಳಿದರು. 16 ವರ್ಷಗಳಲ್ಲಿ ಒಂದೇ ಒಂದು ಬಡ್ತಿ ಇಲ್ಲ.

ಅದೇ ಅವಧಿಯಲ್ಲಿ ಅವರು ಸೋತ ದೊಡ್ಡ ಹೋರಾಟವೂ ನಡೆಯಿತು. ಎಂಜಿನ್ ಸದ್ದು ತಗ್ಗಿಸಲು ಪೆಟ್ರೋಲಿಗೆ ಟೆಟ್ರಾಈಥೈಲ್ ಲೆಡ್ ಎಂಬ ಸೀಸದ ಸಂಯುಕ್ತ ಬೆರೆಸುವುದು 1923ರಲ್ಲಿ ಶುರುವಾಗಿತ್ತು. ಮರುವರ್ಷ ನ್ಯೂಜೆರ್ಸಿಯ ಘಟಕವೊಂದರಲ್ಲಿ ಕಾರ್ಮಿಕರು ಬುದ್ಧಿಭ್ರಮಣೆಗೊಂಡರು, ಐವರು ಸತ್ತರು. 1925ರ ಮೇ 20ರಂದು ವಾಷಿಂಗ್ಟನ್‌ನಲ್ಲಿ ಸರ್ಕಾರ ಸಭೆ ಕರೆಯಿತು. ಕಾರ್ಖಾನೆಯೊಳಗಾದರೆ ಧೂಳನ್ನು ಹಿಡಿದಿಡಬಹುದು, ಊರಿನ ಬೀದಿಗಳಲ್ಲಿ ಹೊಗೆಕೊಳವೆಯಿಂದ ಉದುರುವ ಸೀಸವನ್ನು ಹಿಡಿಯುವವರು ಯಾರು ಎಂಬುದು ಆಲಿಸ್ ಎತ್ತಿದ ಆಕ್ಷೇಪದ ತಿರುಳು. ಮಾರಾಟ ಕೆಲಕಾಲ ನಿಂತಿತು, 1926ರಲ್ಲಿ ಮತ್ತೆ ಆರಂಭವಾಯಿತು. ಭಾರತದ ಬಂಕ್‌ಗಳಿಂದ ಸೀಸದ ಪೆಟ್ರೋಲ್ ಮರೆಯಾಗಿದ್ದು 2000ದಲ್ಲಿ. ಜಗತ್ತಿನಲ್ಲಿ ಕೊನೆಯದಾಗಿ ಅಲ್ಜೀರಿಯಾ ಅದನ್ನು ಕೈಬಿಟ್ಟಿದ್ದು 2021ರಲ್ಲಿ.

1925ರಲ್ಲಿ ಆಲಿಸ್ ಬರೆದ, ಅಮೆರಿಕದ ಕೈಗಾರಿಕಾ ವಿಷಗಳ ಕುರಿತ ಗ್ರಂಥ ಪಠ್ಯವಾಯಿತು. ನಿವೃತ್ತಿಯ ನಂತರವೂ ಸುಮ್ಮನಿರದೆ, ರೇಯಾನ್ ಗಿರಣಿಗಳಲ್ಲಿ ಕಾರ್ಬನ್ ಡೈಸಲ್ಫೈಡ್ ಹೊಗೆಯಿಂದ ಮನಸ್ಸಿನ ಸ್ಥಿಮಿತ ಕಳೆದುಕೊಳ್ಳುತ್ತಿದ್ದವರ ಬಗ್ಗೆ ತನಿಖೆ ನಡೆಸಿದರು. 1943ರಲ್ಲಿ ಆತ್ಮಕಥೆ ಪ್ರಕಟವಾಯಿತು. ಮದುವೆಯಾಗದ ಅವರು ಕೊನೆಯ ದಶಕಗಳನ್ನು ಕನೆಕ್ಟಿಕಟ್‌ನ ಹ್ಯಾಡ್ಲೈಮ್ ಎಂಬಲ್ಲಿ, ನದಿ ದಂಡೆಯ ಮನೆಯಲ್ಲಿ ಕಳೆದರು. ವಿಯೆಟ್ನಾಂ ಯುದ್ಧದ ವಿರುದ್ಧ ದನಿ ಎತ್ತಿದಾಗ ಅವರಿಗೆ ತೊಂಬತ್ತು ದಾಟಿತ್ತು.

1970ರ ಸೆಪ್ಟೆಂಬರ್ 22ರಂದು, 101ನೇ ವಯಸ್ಸಿನಲ್ಲಿ ಆಲಿಸ್ ಹ್ಯಾಮಿಲ್ಟನ್ ನಿಧನರಾದರು. ದೇಶದ ಎಲ್ಲ ಕಾರ್ಮಿಕರ ಸುರಕ್ಷತೆ ಮತ್ತು ಆರೋಗ್ಯವನ್ನು ಮಾಲೀಕರ ಹೊಣೆಯಾಗಿಸಿದ ಕಾಯ್ದೆಗೆ ಅಮೆರಿಕದ ಅಧ್ಯಕ್ಷರ ಸಹಿ ಬಿದ್ದಿದ್ದು ಅದೇ ವರ್ಷದ ಡಿಸೆಂಬರ್ 29ರಂದು. 1995ರಲ್ಲಿ ಅಮೆರಿಕ ಅವರ ಅಂಚೆಚೀಟಿ ಹೊರತಂದಿತು. ಭಾರತದ 1948ರ ಕಾರ್ಖಾನೆ ಕಾಯ್ದೆ, ವೈದ್ಯರು ಸರ್ಕಾರಕ್ಕೆ ತಿಳಿಸಲೇಬೇಕಾದ ರೋಗಗಳ ಪಟ್ಟಿಯೊಂದನ್ನು ಕೊಟ್ಟಿತು. ಆ ಪಟ್ಟಿಯ ಮೊದಲ ಹೆಸರು, ಸೀಸದ ವಿಷಬಾಧೆ.